ಮನೆಗಾಡಿಯಲ್ಲಿ ಸೆರಗಿಗೊಂದು ಜಾಗ

ಮೇಘಾ, ನಿಖಿಲ್, ಮನುಷ್ಯರಿಗೆ ನಾಚಿಕೆ ಎಲ್ಲಿರುತ್ತದೆ ಎಂದು ಕೇಳಿದರೆ ಕೆಲವರು ಕಣ್ಣಿನಲ್ಲಿ ಎನ್ನಬಹುದು, ಕೆಲವರು ಕೆನ್ನೆಯಲ್ಲಿ ಎನ್ನಬಹುದು. ನನ್ನನ್ನು ಕೇಳಿದರೆ ಸೆರಗಿನ ತುದಿಯಲ್ಲಿ ಎನ್ನುತ್ತೇನೆ. ನಮ್ಮ ಊರಿನ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗಲೆಲ್ಲ ನಾನು ದಾವಣಿಯ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಲ್ಲುತ್ತಿದ್ದೆ. "ಉತ್ತರ ಬಾಯಲ್ಲಿದೆಯೋ ಬಟ್ಟೆಯಲ್ಲಿದೆಯೋ, ಯಾವುದಾದರೊಂದನ್ನು ಹೊರಗೆ ತೆಗಿಯಮ್ಮ" ಎನ್ನುತ್ತಿದ್ದರು ಅವರು. ಮದುವೆಯಾದ ಮೇಲೆ ದಾವಣಿ ಹೋಗಿ ಸೆರಗು ಬಂತು. ಆ ಸೆರಗಿನಿಂದ ನಾನು ಬಿಸಿ ಪಾತ್ರೆ ಇಳಿಸಿದ್ದೇನೆ, ಬೀಗದ ಕೈ ಗಂಟು ಹಾಕಿಕೊಂಡಿದ್ದೇನೆ, ನಿಮ್ಮಿಬ್ಬರ ಮೂಗೂ ಒರೆಸಿದ್ದೇನೆ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಹಿಂದೆ ಅಡಗಿಕೊಂಡಿದ್ದೇನೆ. ನಗು ಬಂದರೆ ಸೆರಗು, ಅಳು ಬಂದರೆ ಸೆರಗು, ಇಂಗ್ಲಿಷ್ ಮಾತನಾಡುವವರು ಎದುರಿಗೆ ಬಂದರಂತೂ ಸೆರಗೇ ಸೆರಗು. ನಿಮಗೆ ಕನ್ನಡ ಓದಲು ಬರುವುದಿಲ್ಲವಲ್ಲ, ಇದನ್ನು ನಿಮ್ಮಮ್ಮ ಸುಮಾ ಓದಿ ಹೇಳುತ್ತಾಳೆ. ಅವಳು ಓದುತ್ತ ಓದುತ್ತ ಗಂಟಲು ಸರಿಮಾಡಿಕೊಂಡು ಒಂದು ಪುಟ ಹಾರಿಸಿದರೆ ಅಲ್ಲಿ ಅವಳ ಬಗ್ಗೆ ಏನೋ ಬರೆದಿದ್ದೇನೆ ಎಂದು ತಿಳಿಯಿರಿ.

ನಿಮ್ಮ ತಾತ ಇಲ್ಲಿ ಅಮೆರಿಕದಲ್ಲಿ, ಮಿಷಿಗನ್‌ನ ಆಬರ್ನ್ ಹಿಲ್ಸ್‌ನಲ್ಲಿ ಕಾರುಗಳ ಕೆಲಸ ಮಾಡಿಕೊಂಡಿದ್ದವರು. ಅವರು ಹೋದ ಮೇಲೆ ನಾನು ಫಾರ್ಮಿಂಗ್ಟನ್ ಹಿಲ್ಸ್‌ನ ನಿಮ್ಮ ಮನೆಯ ಮಹಡಿ ಕೋಣೆಗೆ ಬಂದೆ. ಅಲ್ಲಿ ನನಗೆ ಏನೂ ಕಡಿಮೆ ಇರಲಿಲ್ಲ. ಗೋಡೆಯುದ್ದಕ್ಕೂ ಇದ್ದ ಬಟ್ಟೆಯ ಬೀರುವಿನ ಬಾಗಿಲು ತೆಗೆದರೆ ಒಳಗೆ ತಾನೇ ದೀಪ ಹತ್ತಿಕೊಳ್ಳುತ್ತಿತ್ತು. ದೀಪದ ಕೆಳಗೆ ನನ್ನ ಸೀರೆಗಳು ಸಾಲಾಗಿ ನಿಂತು, "ಇವತ್ತಾದರೂ ಎಲ್ಲಿಗಾದರೂ ಹೋಗುತ್ತೇವೆಯೇ?" ಎಂದು ಕೇಳುವಂತೆ ನೋಡುತ್ತಿದ್ದವು. ಎಲ್ಲಿಗೆ ಹೋಗುವುದು? ಕಾರು ಬಿಡಲು ಬಾರದವರಿಗೆ ಆ ಊರಿನಲ್ಲಿ ಕಿಟಕಿಯೇ ಪೇಟೆ. ನಾನು ಉಡುತ್ತಿದ್ದುದೂ ಬೂದಿ ಬಣ್ಣದ, ತಿಳಿ ಕಂದು ಬಣ್ಣದ ಎರಡು ಮೂರು ಸೀರೆಗಳನ್ನು ಮಾತ್ರ. ಬಣ್ಣ ಬಿಡು ಎಂದು ಯಾರೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿದ್ದೆ. ಬೀರುವಿನ ಕೊನೆಯಲ್ಲಿ ತಾತ ಶಿಕಾಗೋದಲ್ಲಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂದಲ್ಲಿ ಕೊಡಿಸಿದ ಕೊನೆಯ ಸೀರೆ ಇತ್ತು. ಗಿಳಿಹಸಿರು ಒಡಲು, ಕುಂಕುಮದ ಬಣ್ಣದ ಅಂಚು. ಅಂಗಡಿಯಲ್ಲೇ ನನಗೆ ಕಣ್ಣು ಕುಕ್ಕಿತ್ತು. "ಅಯ್ಯೋ, ಇಷ್ಟು ಗಾಢ ಬಣ್ಣ ಬೇಡ" ಎಂದರೆ ತಾತ, "ತಗೋ, ಹಿಮದಲ್ಲಿ ನೀನು ಕಳೆದುಹೋಗಲ್ಲ. ದೂರದಿಂದ್ಲೇ ಕಾಣ್ತೀಯ" ಎಂದಿದ್ದರು. ಕಾರಿನ ಹಿಂದಿನ ದೀಪದ ಬಗ್ಗೆ ಮಾತನಾಡುವಷ್ಟೇ ಗಂಭೀರವಾಗಿ. ಅದನ್ನು ಉಡುವ ದಿನ ಬರಲೇ ಇಲ್ಲ.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ಒಂದು ವಸಂತದ ಬೆಳಿಗ್ಗೆ ನಿಮ್ಮ ವನಜಜ್ಜಿ ಒಂದು ಮನೆಯನ್ನು ಓಡಿಸಿಕೊಂಡು ನಮ್ಮ ಬಾಗಿಲಿಗೆ ಬಂದಳು. ವನಜ ನಿಮ್ಮ ತಾತನ ತಂಗಿ. ಮದುವೆ ಗಿದುವೆ ಎನ್ನದೆ ಶಿಕಾಗೋದ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಡೆವನ್ ಹತ್ತಿರದ ತನ್ನ ಫ್ಲ್ಯಾಟ್ ಮಾರಿ ಹಳೆಯ ಆರ್‌ವಿ ಕೊಂಡಿದ್ದಳು. ಹಾಸಿಗೆ, ಒಲೆ, ಬಚ್ಚಲು ಎಲ್ಲ ಚಕ್ರದ ಮೇಲೆ. "ಅತ್ತಿಗೆ, ಹೊರಡಿ. ಇನ್ಮೇಲೆ ಇದೇ ಮನೆ. ನೀವು ಮನೆ ನೋಡ್ಕೊಳ್ಳಿ, ನಾನು ರಸ್ತೆ ನೋಡ್ಕೋತೀನಿ" ಎಂದಳು. ಸುಮಾಳ ಕೈಯಲ್ಲಿದ್ದ ಕಾಫಿ ತುಳುಕಿತು. "ಏನತ್ತೆ ಇದು! ಅಮ್ಮ ಪಕ್ಕದ ಮನೆಯವರ ಹತ್ರಾನೇ ಮಾತಾಡಲ್ಲ, ಟ್ರಕ್ಕಲ್ಲಿ ವಾಸ ಮಾಡ್ತಾಳಾ?" "ಅಜ್ಜಿ, ದಟ್ಸ್ ಸೋ ಕೂಲ್!" ಎಂದಳು ಮೇಘಾ. ನಾನು ಸೆರಗಿನ ಹಿಂದಿನಿಂದ "ಹೂಂ" ಎಂದೆ. ಯಾರಿಗೆ ಹೂಂ ಎಂದೆನೋ ನನಗೇ ಗೊತ್ತಿರಲಿಲ್ಲ. ವನಜ ಅದನ್ನು ತನಗೆಂದು ತೆಗೆದುಕೊಂಡಳು. ಸುಮಾ ಕೊನೆಗೆ, "ಮೊದಲ ಹಿಮ ಬೀಳೋವರೆಗೂ ನೋಡ್ತೀನಿ. ನೀನು ಅಲ್ಲೂ ಒಂದು ಮೂಲೇಲಿ ಮುದುಡಿಕೊಂಡು ಕೂತಿದ್ರೆ ಅವತ್ತೇ ವಾಪಸ್ ಕರ್ಕೊಂಡು ಬರ್ತೀನಿ" ಎಂದು ಷರತ್ತು ಹಾಕಿದಳು. ನನಗೆ ಆಗ ತಿಳಿಯಿತು, ನಾನು ವಾಪಸ್ ಬರಲು ಇಷ್ಟಪಡುವುದಿಲ್ಲ ಎಂದು. ಹೋಗುವ ಮೊದಲೇ!

ಈಗ ತೊಡಕು ಬಂದದ್ದು ಬಟ್ಟೆಯದು. ಮನೆಗಾಡಿಯಲ್ಲಿ ನನ್ನ ಪಾಲಿನ ಬೀರು ಒಂದು ಮೊಳ ಅಗಲ. ಅದರೊಳಗೆ ದೀಪವೂ ಇಲ್ಲ, ಕತ್ತಲೆಗೂ ಜಾಗ ಸಾಲದು. ಸೀರೆಗಳನ್ನು ಹಂಚಿಬಿಡೋಣ ಎಂದು ನಾನು ಸುಮಾಳ ಕಾರಿನಲ್ಲಿ ಪರಿಚಯದ ಮನೆಗಳಿಗೆಲ್ಲ ಹೋದೆ. ಆದರೆ ನಮ್ಮ ಹೆಂಗಸರ ರೀತಿ ನಿಮಗೆ ಗೊತ್ತಿಲ್ಲ. ಮನೆಗೆ ಬಂದವಳನ್ನು, ಅದೂ ಊರು ಬಿಟ್ಟು ಹೊರಟವಳನ್ನು, ಬರಿಗೈಯಲ್ಲಿ ಕಳಿಸುವಂತಿಲ್ಲ. "ಆಂಟಿ, ನಿಮ್ಮ ಸೀರೆ ಇಟ್ಕೊಂಡು ಸುಮ್ನೆ ಕಳಿಸ್ತೀವಾ?" ಎಂದು ಒಬ್ಬಳು ತನ್ನದೊಂದು ಸೀರೆ ಕೊಟ್ಟಳು, ಇನ್ನೊಬ್ಬಳು ಸೀರೆಯ ಜೊತೆಗೆ ರವಿಕೆ ಕಣವನ್ನೂ ಇಟ್ಟಳು. ಒಂದು ವಾರ ಊರೆಲ್ಲ ಸುತ್ತಿ ಸೀರೆ ಹಂಚಿದ ಮೇಲೆ ನೋಡಿದರೆ ರಾಶಿ ಮೊದಲಿಗಿಂತ ಎತ್ತರವಾಗಿತ್ತು. ಗಿಳಿಹಸಿರೊಂದನ್ನು ಬಿಟ್ಟು ನನ್ನ ಸೀರೆಗಳೆಲ್ಲ ಹೋಗಿ ಊರಿನವರ ಸೀರೆಗಳೆಲ್ಲ ನನ್ನ ಬಳಿ ಇದ್ದವು. ಕೊನೆಗೆ ಸುಮಾ ಅವನ್ನು ಪೆಟ್ಟಿಗೆಯಲ್ಲಿ ತುಂಬಿ ಬೇಸ್‌ಮೆಂಟಿಗೆ ಇಳಿಸಿದಳು. ನಾನು ಕೆಲವೇ ಸೀರೆಗಳೊಂದಿಗೆ ಹೊರಟೆ. ಗಿಳಿಹಸಿರಿನದು ಎಲ್ಲಕ್ಕಿಂತ ಕೆಳಗೆ, ಯಾರಿಗೂ ಕಾಣದಂತೆ.

ಮೊದಮೊದಲು ಎಲ್ಲವೂ ಕನಸಿನ ಹಾಗಿತ್ತು. ಶಿಕಾಗೋ ಕಡೆಗೆ ಹೋಗುವಾಗ ದಾರಿಯಲ್ಲಿ ಎಲ್ಲೋ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಈ ಕಡೆ ಬರುವಾಗ ಆ ಗಂಟೆಯನ್ನು ಹಿಂದಿರುಗಿಸಬೇಕು. ಆ ಸಿಕ್ಕಿದ ಗಂಟೆಯಲ್ಲಿ ನಾನು ಯಾರು ಎಂದು ಯೋಚಿಸುತ್ತ ಕಿಟಕಿಗೆ ಒರಗಿರುತ್ತಿದ್ದೆ. ಜೋಳದ ಹೊಲಗಳು ತೇಲಿ ಹೋಗುತ್ತಿದ್ದವು, ಒಗ್ಗರಣೆ ಡಬ್ಬಿ ತೂಕಡಿಸುವವರಂತೆ ಸಣ್ಣಗೆ ತಲೆಯಾಡಿಸುತ್ತಿತ್ತು. ಊರಿನಲ್ಲಿ ಹೆಂಗಸನ್ನು ಕಂಡರೆ ಮೊದಲು ಕೇಳುವುದು "ಯಾವ ಮನೆಯವರಮ್ಮ ನೀನು?" ಎಂದು. ಮೊದಲು ತಂದೆಯ ಮನೆಯವಳು, ಆಮೇಲೆ ಗಂಡನ ಮನೆಯವಳು, ಆಮೇಲೆ ಮಗಳ ಮನೆಯವಳು. ಈಗ ಮನೆಯೇ ಗಂಟೆಗೆ ಅರವತ್ತು ಮೈಲಿ ಓಡುತ್ತಿದ್ದರೆ ಏನು ಹೇಳುವುದು? ಆರ್‌ವಿಗಳು ನಿಲ್ಲುವ ಕ್ಯಾಂಪಿನಲ್ಲಿ ಯಾರಾದರೂ "ಮನೆ ಎಲ್ಲಿ?" ಎಂದು ಕೇಳಿದರೆ ವನಜ ಗಾಡಿಯ ಬಾಗಿಲು ತಟ್ಟಿ ತೋರಿಸುತ್ತಿದ್ದಳು. ನಾನು ಸೆರಗು ಹೊದ್ದು ಒಳಗೆ ಹೋಗುತ್ತಿದ್ದೆ.

ಆದರೆ ಆ ಗಾಡಿಯ ಕಬ್ಬಿಣದ ಮೆಟ್ಟಿಲಿಗೂ ಸೀರೆಯ ನೆರಿಗೆಗೂ ಆಗಿಬರಲಿಲ್ಲ. ಎರಡು ಸಲ ಮುಗ್ಗರಿಸಿದೆ. ಮೂರನೆಯ ಸಲ ವನಜ ಹಿಡಿದುಕೊಂಡು, "ಅತ್ತಿಗೆ, ನಾನು ರಿಟೈರ್ ಆಗಿದೀನಿ. ನಿಮ್ಮ ಮೂಳೆ ಕಟ್ಟೋಕೆ ಮತ್ತೆ ಡ್ಯೂಟಿ ಹಾಕಬೇಡಿ" ಎಂದು ನೇರವಾಗಿ ಡೆವನ್‌ಗೆ ಗಾಡಿ ತಿರುಗಿಸಿದಳು. ಅಲ್ಲಿ ಹುಬ್ಬಳ್ಳಿಯ ಶಕೀಲಾ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. "ಬರ್ರೀ ಅಕ್ಕಾರ, ಚೂಡಿದಾರ ಹಾಕ್ಕೊಂಡ್ ನೋಡ್ರಿ. ಹತ್ತಾಕ ಇಳ್ಯಾಕ ಸಸಾರ ಆಗ್ತದ" ಎಂದು ನನಗೆ ಬೂದಿ ಬಣ್ಣದ ಎರಡು ಜೊತೆ ಕೊಟ್ಟಳು. ದುಪ್ಪಟ್ಟಾ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ವನಜ ಅದನ್ನು ಮೊದಲ ದಿನವೇ ಕಿತ್ತಿಟ್ಟಳು. ಅಂದು ನಾನು ಗಾಡಿಯಿಂದ ಸಲೀಸಾಗಿ ಇಳಿದೆ. ಇಳಿದ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಹತ್ತಿದೆ. ಅರವತ್ತು ದಾಟಿದವಳಿಗೆ ಎರಡು ಕೈಗಳಿವೆ ಎಂದು ಗೊತ್ತಾದದ್ದು ಆವತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಅಡುಗೆಮನೆಯ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಹೋದೆ. "ಇದೇನತ್ತಿಗೆ, ಹೋಟೆಲ್ ಮಾಣಿ ಥರ? ಎರಡು ಕಾಫಿ, ಒಂದು ಮಸಾಲೆ ದೋಸೆ!" ಎಂದಳು ವನಜ. ಪಕ್ಕದ ಗಾಡಿಯ ಬೆಟ್ಟಿ ಎಂಬಾಕೆ, ಈ ಹೆಂಗಸು ಹಗಲೂ ರಾತ್ರಿ ಅಡುಗೆ ಮಾಡುತ್ತಾಳೆ, ಪಾಪ, ಎಂದು ವನಜಳ ಹತ್ತಿರ ಮರುಗಿದಳಂತೆ.

ಇತ್ತ ಸೀರೆಗಳು ಆ ಸಣ್ಣ ಬೀರುವಿನಲ್ಲಿ ಚೂಡಿದಾರಗಳೊಂದಿಗೆ ಹೊಂದಿಕೊಳ್ಳಲಿಲ್ಲ. ಬಾಗಿಲು ತೆರೆದುಕೊಂಡು ದಾರಿಯಲ್ಲಿ ಮೈಮೇಲೆ ಬೀಳುತ್ತಿದ್ದವು. ನಾನು ಸುತ್ತಲೂ ನೋಡಿದೆ. ಒಲೆಯ ಕೆಳಗೆ ಓವನ್ ಇತ್ತು. ಈಗ ನೀವು ನಗಬೇಡಿ. ನಮ್ಮವರ ಮನೆಗಳಲ್ಲಿ ಓವನ್ ಎಂದರೆ ಬಾಣಲೆಗಳ ಕೋಣೆ. ನಿಮ್ಮ ಮನೆಯ ಓವನ್ನಿನಲ್ಲೂ ಕಾವಲಿ, ಪೂರಿ ಬಾಣಲೆ, ಚಕ್ಕುಲಿ ಒರಳು ಇವೆಯೇ ಹೊರತು ಅದರಲ್ಲಿ ಬೆಂಕಿಯನ್ನು ನಾನು ನೋಡಿದವಳಲ್ಲ. ನನ್ನ ಪಾಲಿಗೆ ಅದು ಗಾಜಿನ ಕಿಟಕಿ ಇರುವ ಗಟ್ಟಿ ಪೆಟ್ಟಿಗೆ. ಇಲಿ ಬಾರದು, ನೀರು ಬಾರದು. ಬಾಗಿಲೂ ಬಿಗಿ. ಸೀರೆಗಳನ್ನು ಬಿಳಿ ಪಂಚೆಯಲ್ಲಿ ಸುತ್ತಿ, ನಡುವೆ ನಾಲ್ಕು ಲವಂಗ ಹಾಕಿ ಅಲ್ಲಿ ಮಲಗಿಸಿದೆ. ಗಿಳಿಹಸಿರಿನ ಸೀರೆಯನ್ನು ರೂಢಿಯಂತೆ ಸೆರಗು ಒಳಗೆ ಬರುವ ಹಾಗೆ ಮಡಿಸಿದ್ದೆ. ಜರಿ ಕಪ್ಪಾಗಬಾರದಲ್ಲ.

ಎಲೆಗಳು ಕೆಂಪಾಗುವ ಕಾಲ. ಗಾಡಿ ಮಿಷಿಗನ್ ಸರೋವರದ ದಂಡೆಯಲ್ಲಿ ನಿಂತಿತ್ತು. ಆಚೆ ದಡವೇ ಕಾಣದ ಆ ನೀರಿನ ಎದುರು ನಾನು ಮಧ್ಯಾಹ್ನವೆಲ್ಲ ಕುಳಿತಿರುತ್ತಿದ್ದೆ. ಅಲೆಗಳು ಬರುತ್ತಿದ್ದವು, ಏನೂ ಕೇಳದೆ ಹೋಗುತ್ತಿದ್ದವು. ನನ್ನಂಥವರಿಗೆ ಹೇಳಿಮಾಡಿಸಿದ ಸಹವಾಸ. ಅಂದು, ಅಲ್ಲೂ ನಮ್ಮ ಪಕ್ಕದಲ್ಲೇ ತಂಗಿದ್ದ ಬೆಟ್ಟಿ ಒಂದು ಸೇಬಿನ ಪೈ ತಂದುಕೊಟ್ಟು, ಬಿಸಿ ಮಾಡಿಕೊಂಡು ತಿನ್ನಿ ಎಂದು ಹೇಳಿ ಹೋಗಿದ್ದಳು. ವನಜ ಒಳಗೆ ಹೋಗಿ ಓವನ್ನಿನ ಗುಂಡಿ ತಿರುಗಿಸಿ, ಕಾಯಲಿ ಎಂದು ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಗಾಳಿಯಲ್ಲಿ ಲವಂಗದ ವಾಸನೆ ಬಂತು. "ಪೈಗೆ ಲವಂಗ ಹಾಕಿದಾಳೆ ಅಂತ ಕಾಣುತ್ತೆ" ಎಂದೆ. "ಪೈ ಇನ್ನೂ ಮೇಜಿನ ಮೇಲಿದೆ" ಎಂದಳು ವನಜ. ಅದರ ಹಿಂದೆಯೇ ಕೂದಲು ಸುಟ್ಟಂಥ ವಾಸನೆ.

ನಾನು ಓಡಿದೆ. ಚೂಡಿದಾರದಲ್ಲಿ ಎಷ್ಟು ವೇಗವಾಗಿ ಓಡಬಹುದು ಎಂದು ಆವತ್ತು ಗೊತ್ತಾಯಿತು. ನನ್ನ ಹಿಂದೆ ಬಂದ ವನಜ ಓವನ್ ಆರಿಸಿ, "ಅತ್ತಿಗೆ, ಇದರೊಳಗೆ ಏನಿಟ್ಟಿದ್ರಿ?" ಎಂದು ಕೂಗಿದಳು. "ಸೀರೆ." "ಸೀರೆ ಬೇಯಿಸ್ತಾರೇನ್ರೀ ಯಾರಾದ್ರೂ!" ಹೊಗೆ ಕಂಡ ಬೆಟ್ಟಿಯ ಗಂಡ ಬೆಂಕಿ ಆರಿಸುವ ಕೆಂಪು ಡಬ್ಬಿ ಹಿಡಿದು ಓಡಿಬಂದ. ನಾವಿಬ್ಬರೂ ಗಂಟನ್ನು ಎಳೆದು ಹುಲ್ಲಿನ ಮೇಲೆ ಹಾಕಿ ತುಳಿಯುತ್ತಿರುವುದನ್ನು ನೋಡಿ, "ಈಸ್ ದಟ್ ಡಿನ್ನರ್?" ಎಂದು ಕೇಳಿದ. ಕೆಳಗಿದ್ದವು ಇದ್ದಿಲಾಗಿದ್ದವು. ಅವುಗಳ ಮೇಲಿತ್ತು ಗಿಳಿಹಸಿರು. ಅದನ್ನು ಕೈಗೆತ್ತಿಕೊಂಡು ಬೂದಿ ಕೊಡವಿದೆ. ತಾತ ಕೊಡಿಸಿದ್ದು, ಒಂದು ದಿನವೂ ಉಡದ್ದು. ಕಾಪಾಡಲೆಂದು ಬೆಂಕಿಯ ಗೂಡಿನಲ್ಲೇ ಇಟ್ಟ ನನ್ನ ಜಾಣತನಕ್ಕೆ ಏನು ಹೇಳಲಿ!

"ಬಿಡಿಸಿ ನೋಡೋಣ ಇರಿ" ಎಂದು ವನಜ ಒಂದು ತುದಿ ಹಿಡಿದು ಹಿಂದೆ ಹಿಂದೆ ಹೋದಳು. ಸೀರೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಒಂದು ಕಡೆ ಸುಟ್ಟದ್ದು ಮಡಿಕೆಗೊಂದರಂತೆ ಸಮನಾದ ದೂರದಲ್ಲಿ ತೂತಾಗಿ ಸಾಲಾಗಿ ನಿಂತಿತ್ತು, ರೈಲಿನ ಕಿಟಕಿಗಳ ಹಾಗೆ. ಸರೋವರದ ಗಾಳಿಗೆ ಸೀರೆ ಉಬ್ಬಿತು. ಒಂದೊಂದು ತೂತಿನಲ್ಲೂ ಒಂದೊಂದು ಚೂರು ನೀಲಿ ನೀರು. ಕೊನೆಯ ಕಿಟಕಿಯಲ್ಲಿ ವನಜಳ ಮುಖ. ಅವಳು ಅದರೊಳಗಿಂದ ಇಣುಕಿ, "ಟಿಕೆಟ್ ಪ್ಲೀಸ್!" ಎಂದಳು. ನನಗೆ ನಗು ಬಂತು. ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಸೀರೆ ಇದೆ, ಬಿಟ್ಟರೆ ಹಾರಿಹೋಗುತ್ತದೆ. ಹೆಗಲ ಮೇಲಿನ ಒರೆಸುವ ಬಟ್ಟೆ ಓಡುವಾಗ ಎಲ್ಲೋ ಬಿದ್ದಿತ್ತು. ಹಾಗಾಗಿ ನಾನು ಬಾಯಿ ತೆರೆದು, ಆ ದಂಡೆಗೆಲ್ಲ ಕೇಳುವಂತೆ ನಕ್ಕೆ. ನನ್ನ ನಗು ಅಷ್ಟು ಜೋರಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಬೆಟ್ಟಿಗೆ ಪೈ ತಟ್ಟೆಯನ್ನು ಬರಿದಾಗಿ ಕೊಡಬಾರದೆಂದು ಮರುದಿನ ಅದರಲ್ಲಿ ಚಿತ್ರಾನ್ನ ತುಂಬಿ ನಾನೇ ಒಯ್ದೆ. "ಮನೆ ಎಲ್ಲಿ?" ಎಂದು ಆಕೆ ಕೇಳಿದಾಗ ತಿರುಗಿ ಗಾಡಿಯನ್ನು ತೋರಿಸಿದೆ. ಬೆರಳಿನಿಂದ ತೋರಿಸಲು ಇಂಗ್ಲಿಷ್ ಬೇಕಾಗುವುದಿಲ್ಲ ಎಂಬುದು ನನಗೆ ತಡವಾಗಿ ಹೊಳೆದ ವಿಷಯ.

ಒಳಗಡೆ ಮಡಿಸಿದ್ದ ಸೆರಗಿಗೆ ಒಂದು ಕಿಡಿಯೂ ತಾಗಿರಲಿಲ್ಲ. ಅದನ್ನು ಹಿಡಿದು ಶಕೀಲಾಳ ಬಳಿ ಹೋದೆವು. ಅವಳು ತೂತುಗಳನ್ನು ನೋಡಿ, "ಇದೇನ್ ಡಿಸೈನ್ ರೀ ಅಕ್ಕಾರ, ಹೊಸಾದು!" ಎಂದು ನಕ್ಕು, ತೂತುಗಳ ನಡುವಿನ ಬಟ್ಟೆಯಲ್ಲಿ ಎರಡು ನಿಲುವಂಗಿ ತೆಗೆದಳು. ಸೆರಗನ್ನು ಹಾಗೆಯೇ ಇಟ್ಟು, ಜಾರದಂತೆ, ಬಾಗಿಲಿಗೆ ಸಿಕ್ಕದಂತೆ ಒಂದು ನಿಲುವಂಗಿಯ ಹೆಗಲಿಗೆ ಹೊಲಿಗೆ ಹಾಕಿ ಮುಂದೆ ಬಿಟ್ಟಳು. ಹೊರಡುವಾಗ ಕೈಗೆ ಒಂದು ರವಿಕೆ ಕಣ ಇಟ್ಟಳು. "ಸೀರೇನೇ ಇಲ್ಲ, ರವಿಕೆ ಯಾತಕ್ಕೆ?" ಎಂದರೆ, "ಖಾಲಿ ಕೈಲೆ ಹೆಂಗ್ ಕಳಸೂದ್ರೀ?" ಎಂದಳು.

ಮೊದಲ ಹಿಮ ಬಿದ್ದ ದಿನ ನಾವು ನಿಮ್ಮ ಬಡಾವಣೆಗೆ ಬಂದೆವು. ಆ ಗಿಳಿಹಸಿರು ನಿಲುವಂಗಿ ತೊಟ್ಟು ನಾನು ಮುಂದಿನ ಸೀಟಿನಲ್ಲಿದ್ದೆ. ವನಜ ಗಾಡಿಯನ್ನು ಬೀದಿಯ ಬದಿಗೆ ನಿಲ್ಲಿಸಿದ ಮೇಲೆ ಇಳಿದು, ಬಿಳಿ ಹುಲ್ಲಿನ ಮೇಲೆ ನಿಂತೆ. ಶಾಲೆಯಿಂದ ನಡೆದು ಬರುತ್ತಿದ್ದ ನಿಖಿಲ್ ದೂರದಿಂದಲೇ ಓಡಿಬಂದು, "ಅಜ್ಜಿ! ಐ ಸಾ ಯೂ ಆಲ್ ದ ವೇ ಫ್ರಮ್ ದ ಸ್ಟಾಪ್ ಸೈನ್!" ಎಂದ. ಅವನಿಗೆ ತಾತನ ಮಾತು ಗೊತ್ತಿರಲು ಸಾಧ್ಯವೇ ಇಲ್ಲ. ಸುಮಾ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬ್ಯಾಗ್ ಎಲ್ಲಮ್ಮಾ? ಒಳಗೆ ತರಲ್ವಾ?" ಎಂದಳು. "ಇಲ್ಲ. ನಾಳೆ ಬಿಸಿಲು ಹುಡುಕ್ಕೊಂಡು ದಕ್ಷಿಣಕ್ಕೆ ಹೊರಡ್ತೀವಿ" ಎಂದೆ. ಪಕ್ಕದ ಮನೆಯವರು ಕಿಟಕಿ ಸರಿಸಿ ನೋಡುವಷ್ಟು ಗಟ್ಟಿಯಾಗಿ. ಸುಮಾ ಬಾಗಿಲಿನಿಂದ ಇಳಿದು ನನ್ನ ಹತ್ತಿರ ಬಂದಳು. ಆಮೇಲೆ ನನ್ನ ಸೆರಗಿನ ತುದಿಯಿಂದ ತನ್ನ ಕಣ್ಣು ಒರೆಸಿಕೊಂಡಳು.

ಇಷ್ಟು ಧೈರ್ಯ ಬಂದ ಮೇಲೆ ನಾನು ಬದಲಾಗಿದ್ದೇನೆ ಎಂದು ನೀವು ತಿಳಿದಿದ್ದರೆ, ಸ್ವಲ್ಪ ತಾಳಿ. ಮರುದಿನ ಹೊರಡುವಾಗ ಸುಮಾ, ತಾಯಿಯನ್ನು ಬರಿಗೈಯಲ್ಲಿ ಹೇಗೆ ಕಳಿಸುವುದು ಎಂದು ಬೇಸ್‌ಮೆಂಟಿನಿಂದ ಮೂರು ಸೀರೆ ತಂದುಕೊಟ್ಟಳು. ನಾನು ಬೇಡ ಎನ್ನಲಿಲ್ಲ. ಅವು ಈಗ ಗಾಡಿಯಲ್ಲಿ ಎಲ್ಲಿವೆ ಎಂದು ವನಜಜ್ಜಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ. ಈ ಹಾಳೆಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಪುಸ್ತಕದ ನಡುವೆ ಇಡಿ, ತಲೆದಿಂಬಿನ ಕೆಳಗೆ ಇಡಿ, ನನ್ನ ಹಳೆಯ ಬೀರುವಿನ ದೀಪದ ಕೆಳಗೆ ಇಡಿ. ಅಜ್ಜಿಯ ಹಾಗೆ, ಎಲ್ಲಕ್ಕಿಂತ ಭದ್ರವಾದ ಜಾಗ ಇದೇ ಎಂದು ಓವನ್ನಿನಲ್ಲಿ ಮಾತ್ರ ಇಡಬೇಡಿ.