ಬೆಲ್ಲ ನೀರು ಮುಟ್ಟದ ಭಾವ

ಇಳಿಯಿತು! ನಮ್ಮ ಮೊಮ್ಮಗಳ ಅಂಗಡಿಯ ಬಾಡಿಗೆ ಇಳಿಯಿತು! ಅದೂ ಚೂರುಪಾರು ಅಲ್ಲ, ಸರೀ ಅರ್ಧಕ್ಕೆ!

ಇಳಿದದ್ದು ನಿನ್ನೆ ಮಧ್ಯಾಹ್ನ. ಆಗಿನಿಂದ ಇಷ್ಟರೊಳಗೆ ನಮ್ಮೂರು ಅರಂತೋಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಎಲ್ಲರಿಗೂ ಹೇಳಿಯಾಗಿದೆ. ಹಾಲಿನ ಡಿಪೋದಲ್ಲಿ ಸಾಲು ನಿಂತವರಿಗೆ ಹೇಳಿಯಾಗಿದೆ. ಮಡಿಕೇರಿಗೆ ಹೋಗುವ ಯಾರೋ ಪ್ರವಾಸಿಗಳು ದಾರಿ ಕೇಳಲು ಕಾರು ನಿಲ್ಲಿಸಿದರು. ದಾರಿ ಹೇಳುವ ಮೊದಲು ಅವರಿಗೂ ಇದನ್ನೇ ಹೇಳಿದೆ. ಪಾಪ, ಖುಷಿಯಾಯಿತು ಎಂದು ಕೈ ಕುಲುಕಿ ತಪ್ಪು ದಾರಿಯಲ್ಲಿ ಹೋದರು! ಇನ್ನು ಬಾಕಿ ಇರುವವರು ನೀವು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯುವುದು ನಿಧಾನ. ಆದರೆ ಈ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಮಲಗುವುದು ಹೇಗೆ, ನೀವೇ ಹೇಳಿ?

ಇಳಿಸಿದ್ದು ಯಾರು? ವಕೀಲರಲ್ಲ, ಪಂಚಾಯತ್ ಮೆಂಬರ್ ಅಲ್ಲ. ನನ್ನ ಹೆಂಡತಿಯ ತಮ್ಮ, ಕಡಬದ ನನ್ನ ಭಾವ. ಹೇಗೆ ಇಳಿಸಿದ? ಬಾಯಾರಿಕೊಂಡು! ಕಡಬದಿಂದ ಕಬಕದವರೆಗೆ ಹುಡುಕಿದರೂ ಇವನಷ್ಟು ಮಾತಾಡುವ ಮನುಷ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ. ಆದರೆ ಅವನು ಗೆದ್ದದ್ದೆಲ್ಲ ಬಾಯಿಂದ ಹೊರಗೆ ಬಂದದ್ದರಿಂದ ಅಲ್ಲ, ಬಾಯೊಳಗೆ ಹೋಗದೆ ಉಳಿದದ್ದರಿಂದ.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಜಗಳಕ್ಕೆ ಬಂದವನೇ ಆಗಲಿ, ಮೊದಲು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಬಂದವನು ಅದನ್ನು ಮುಟ್ಟದೆ ಎದ್ದು ಹೋದರೆ ಮನೆಯ ಹೆಂಗಸರಿಗೆ ಅವತ್ತು ನಿದ್ದೆಯಿಲ್ಲ. ಎಲ್ಲರೂ ನಡೆಸಿಕೊಂಡು ಬಂದ ಈ ಮರ್ಯಾದೆಗೆ ಹಿಡಿ ಹಾಕಿ ಕತ್ತಿ ಮಾಡಿಕೊಂಡವನು ನನ್ನ ಭಾವ ಒಬ್ಬನೇ. ಹೋದ ಕೆಲಸ ಆಗುವವರೆಗೆ ಆ ಮನೆಯ ಒಂದು ತೊಟ್ಟು ನೀರೂ ಅವನ ಗಂಟಲಿಗೆ ಹೋಗುವುದಿಲ್ಲ. ಹಾಗೆಂದು ಬೇಡ ಎನ್ನುವುದೂ ಇಲ್ಲ! “ಇರ್ಲಿ, ಮತ್ತೆ ಕುಡಿಯುವಾ” ಎನ್ನುತ್ತಾನೆ. ಬೇಡ ಎಂದರೆ ಒಳಗೆ ತೆಗೆದುಕೊಂಡು ಹೋಗಬಹುದು. ಇರಲಿ ಎಂದರೆ ಆ ಲೋಟ ಅಲ್ಲೇ ಇರುತ್ತದೆ, ಮನೆಯವರ ಕಣ್ಣೆದುರು, ತುಂಬಿಕೊಂಡು.

ಬೆಟ್ಟಂಪಾಡಿಗೆ ಅವನಿಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಎದುರಿಗೆ ಉಪ್ಪಿಟ್ಟು, ಬಾಳೆಹಣ್ಣು, ಹೊಗೆಯಾಡುವ ಕಾಫಿ. ನಾನು ಆಗಲೇ ಎರಡನೇ ಸಲ ಹಾಕಿಸಿಕೊಂಡಿದ್ದೆ. ಇವನು ಕೈಕಟ್ಟಿ ಕೂತಿದ್ದಾನೆ! ಹುಡುಗಿಯ ಅಪ್ಪ ಬೆವರು ಒರೆಸಿಕೊಳ್ಳುತ್ತ, “ಎಂತ, ಉಪ್ಪು ಹೆಚ್ಚಾಯ್ತಾ?” ಎಂದರು. “ಉಪ್ಪಿಂದು ಎಂತ ಇಲ್ಲ. ಹುಡುಗಿಗೆ ನಾನು ಆಗ್ಬಹುದಾ ಅಂತ ಗೊತ್ತಾಗ್ಲಿ, ಮತ್ತೆ ತಿನ್ನುವಾ” ಎಂದ. ಎಲ್ಲರೂ ಬಾಯಿ ಬಿಟ್ಟರು. ಆ ಕಾಲದಲ್ಲಿ ಹುಡುಗಿಯನ್ನು ಕೇಳುವವರು ಯಾರಿದ್ದರು? ಬಾಗಿಲ ಸಂದಿಯಿಂದ ಒಂದು ಸ್ವರ ಬಂತು: “ತಿನ್ಲಿಕ್ಕೆ ಹೇಳಿ ಅಪ್ಪ, ತಣ್ಣಗಾಗ್ತದೆ.” ಇವನು ಕೂಡಲೇ ತಟ್ಟೆ ಎಳೆದುಕೊಂಡ. ಮದುವೆಯಾಯಿತು, ಮಕ್ಕಳಾದರು, ಮೊಮ್ಮಕ್ಕಳಾದರು. ಅವನ ಹೆಂಡತಿ ಮಾತ್ರ ಇವತ್ತಿಗೂ ಹೇಳುವುದು, “ನಾನು ಉಪ್ಪಿಟ್ಟಿನ ವಿಷಯ ಹೇಳಿದ್ದು ಮಾರಾಯ್ರೆ, ಬೇರೆಂತ ಅಲ್ಲ!”

ಈ ವಿದ್ಯೆ ಸೋತದ್ದು ಒಂದೇ ಕಡೆ, ತಾಲೂಕು ಆಫೀಸಿನಲ್ಲಿ. ಅಲ್ಲಿ ಯಾರೂ ನೀರೇ ಕೊಡುವುದಿಲ್ಲವಲ್ಲ! ಬೆಳಗ್ಗೆಯಿಂದ ಸಂಜೆಯವರೆಗೆ ಇವನು ಕುಡಿಯದೆ ಕೂತ, ಅವರು ನೋಡದೆ ಕೂತರು.

ಇರಲಿ, ಅಂಗಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮೊಮ್ಮಗಳು ಪುಟ್ಟಿ ಸುಳ್ಯ ಪೇಟೆಯಲ್ಲಿ ಮಕ್ಕಳ ವೇಷಭೂಷಣದ ಅಂಗಡಿ ಇಟ್ಟಿದ್ದಾಳೆ. ಸ್ಕೂಲ್ ಡೇ ಬಂದರೆ, ಅಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆ ಬಂದರೆ, ಕೃಷ್ಣ, ರಾಮ, ಪೊಲೀಸ್, ಹುಲಿ, ಟೊಮೆಟೊ, ಏನು ಬೇಕಾದರೂ ಅವಳಲ್ಲಿ ಒಂದು ದಿನದ ಬಾಡಿಗೆಗೆ ಸಿಗುತ್ತದೆ. ಎಲ್ಲ ಅವಳೇ ಹೊಲಿದದ್ದು. ಕಿರೀಟಕ್ಕೆ ಮಣಿ ಅಂಟಿಸುತ್ತ ಅಂಟಿಸುತ್ತ ನಮ್ಮ ಮನೆಯವರ ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ದಿನಗಳೂ ಉಂಟು. ಚೆನ್ನಾಗಿ ನಡೆಯುತ್ತಿತ್ತು. ಬಂತಲ್ಲ ಕೊರೋನಾ! ಶಾಲೆಗೇ ಬೀಗ. ಮಕ್ಕಳು ಮೊಬೈಲಿನೊಳಗೆ. ಮೊಬೈಲಿನೊಳಗೆ ಕೂತ ಮಗುವಿಗೆ ಹುಲಿಯ ಬಾಲ ಯಾಕೆ? ಪೇಟೆಯಲ್ಲಿ ವ್ಯಾಪಾರ ಎನ್ನುವುದು ಯಾರಿಗೂ ಇರಲಿಲ್ಲ. ನನ್ನ ಮಗ, ಎಂದರೆ ಪುಟ್ಟಿಯ ಅಪ್ಪ, ಆಟೋ ಓಡಿಸುವವನು. ಅವನ ಆಟೋದ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು ಎಂದರೆ ನೀವೇ ಲೆಕ್ಕ ಹಾಕಿ.

ಬಾಡಿಗೆಗೆ ಕೊಡುವವಳಿಗೇ ಬಾಡಿಗೆ ಕೊಡಲು ಆಗದಂತಾಯಿತು. ಲಾಕ್‌ಡೌನ್ ಮುಗಿದು ಅಂಗಡಿ ತೆರೆಯಬಹುದು ಎಂದಾದ ಮೇಲೂ ಗಿರಾಕಿ ಇಲ್ಲ. ಅಷ್ಟಮಿಯಾದರೂ ಕೈ ಹಿಡಿಯುತ್ತದೆ ಎಂದು ಕಾದೆವು, ಈ ವರ್ಷವೂ ಸ್ಪರ್ಧೆ ನಡೆಯಲಿಲ್ಲ. ಅಷ್ಟಮಿ ಕಳೆದ ವಾರವೇ ಕಟ್ಟಡದ ಧಣಿಯವರ ಫೋನ್ ಬಂತು. ಕಬಕದವರು ಅವರು. ದೀಪಾವಳಿಯೊಳಗೆ ಪೂರ್ತಿ ಬಾಡಿಗೆ ಶುರುಮಾಡಬೇಕು, ಇಲ್ಲವಾದರೆ ಕೀ ತಂದು ಕೊಡಬೇಕು.

ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಸುಮ್ಮನೆ ಒಂದೊಂದೇ ವೇಷವನ್ನು ಮಡಚಿ ಗೋಣಿಯಲ್ಲಿ ತುಂಬಿ ಮನೆಗೆ ತರತೊಡಗಿದಳು. ನಮ್ಮ ಸಣ್ಣ ಮನೆ! ಅಕ್ಕಿಯ ಡಬ್ಬದ ಮೇಲೆ ರಾವಣನ ತಲೆಗಳು, ಮಂಚದ ಅಡಿಯಲ್ಲಿ ವಾನರ ಸೇನೆ. ಬಿಸಿಲಿಗೆ ಹಾಕಿದ ಹುಲಿಯ ಚರ್ಮಕ್ಕೆ ಬೊಗಳಿ ಬೊಗಳಿ ನಮ್ಮ ನಾಯಿಯ ಸ್ವರ ಹೋಯಿತು. “ಇಷ್ಟು ರಾಕ್ಷಸರನ್ನು ಎಲ್ಲಿ ಮಲಗಿಸುದು?” ಎಂದು ನಾನು ಕೇಳಿದರೆ, “ನಿಮ್ಮೊಬ್ಬರಿಗೆ ಜಾಗ ಆಗಿದೆಯಲ್ಲ” ಎಂದಳು ನನ್ನ ಹೆಂಡತಿ.

ಭಾವ ವಾರಕ್ಕೊಮ್ಮೆ ಬಸ್ಸು ಬದಲಿಸಿ ಬರತೊಡಗಿದ. ಬಂದು ಪುಟ್ಟಿಯ ಹತ್ತಿರ ಕೂತು ಕಿರೀಟ ಒರೆಸುವುದು, ಊರಿನ ಸುದ್ದಿಯೆಲ್ಲ ಹೇಳುವುದು, ಹೋಗುವುದು. ನನ್ನ ಹೆಂಡತಿ ನೀರು ಕೊಟ್ಟರೆ “ಇರ್ಲಿ ಅಕ್ಕ.” ಊಟಕ್ಕೆ ಎಬ್ಬಿಸಿದರೆ “ಬಸ್‌ಸ್ಟ್ಯಾಂಡಿನಲ್ಲಿ ತಿಂದು ಬಂದೆ.” ಚಹಾ ಎಂದರೆ “ಶುಗರ್ ಉಂಟು.” ನಾನು ಬಿಡುತ್ತೇನೆಯೇ?

“ಎಂತ ಭಾವ, ನಮ್ಮ ಮನೆಯಲ್ಲೂ ಸತ್ಯಾಗ್ರಹವಾ? ನಿನ್ನ ಅಕ್ಕನ ಬಾಡಿಗೆ ಇಳಿಸ್ಲಿಕ್ಕುಂಟಾ?”

“ನನ್ನ ಅಕ್ಕನನ್ನು ಬಿಟ್ಟಿ ತಕೊಂಡು ಹೋದವ ನೀನು. ಅದಕ್ಕಿಂತ ಕೆಳಗೆ ಎಲ್ಲಿ ಇಳಿಸುದು ಭಾವ?”

ಎಲ್ಲರೂ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಅವಳ ಗುಣವೇ ಹಾಗೆ ಎಂದುಕೊಂಡೆ.

ಕೊನೆಗೆ ಭಾವನೇ ಹೊರಡಿಸಿದ, “ನಡೀರಿ, ಕಬಕಕ್ಕೆ. ಅಲ್ಲಿ ಯಾರೂ ನೀರು ಮುಟ್ಲಿಕ್ಕಿಲ್ಲ, ಆಯ್ತಾ?” ಮಗನ ಆಟೋದಲ್ಲಿ ಭಾವ, ಪುಟ್ಟಿ, ನಾನು. ಧಣಿಯ ಮನೆ ಕಬಕ ಜಂಕ್ಷನ್ನಿನಿಂದ ಸ್ವಲ್ಪ ಒಳಗೆ. ಚಾವಡಿಯಲ್ಲಿ ಕೂತದ್ದೇ ತಡ, ಧಣಿಯ ಹೆಂಡತಿ, ಆ ಅಮ್ಮ, ತಂಬಿಗೆ, ಲೋಟ, ಬೆಲ್ಲ ಹಿಡಿದು ಬಂದರು. ಭಾವ “ಇರ್ಲಿ ಅಮ್ಮ” ಎಂದ. ನಾನು “ಇರ್ಲಿ” ಎಂದೆ. ಪುಟ್ಟಿ “ಇರ್ಲಿ” ಎಂದಳು. ಅಷ್ಟರಲ್ಲಿ ಗಟಗಟ ಎಂದು ಒಂದು ಶಬ್ದ! ತಿರುಗಿ ನೋಡಿದರೆ ನನ್ನ ಮಗ! ಸುಳ್ಯದಿಂದ ಬಿಸಿಲಿಗೆ ಆಟೋ ಓಡಿಸಿದ ಸುಸ್ತು, ಲೋಟ ಖಾಲಿ. ಅಷ್ಟಕ್ಕೇ ನಿಲ್ಲಿಸಿದನೇ? ಬೆಲ್ಲ ಕಡಿಯುತ್ತ, “ಇನ್ನೊಂದು ಲೋಟ ಸಿಗಬಹುದಾ ಅಮ್ಮ?”

ಮುಗಿಯಿತು ಕಥೆ! ಒಬ್ಬ ಕುಡಿದರೆ ಸಾಕು, ಆ ಮನೆಯ ಮರ್ಯಾದೆ ಉಳಿಯಿತು. ಅಮ್ಮ ಸಂತೋಷದಿಂದ ಒಳಗೆ ಹೋದರು. ಧಣಿ ಆರಾಮಾಗಿ, “ಬಾಡಿಗೆ ಇಳಿಸುದೆಲ್ಲ ಆಗುದಿಲ್ಲ. ಮತ್ತೆಂತ ವಿಶೇಷ?” ಎಂದರು. ವಿಶೇಷ ಎಂತ ಇರುತ್ತದೆ? ಎದ್ದು ಬಂದೆವು. ದಾರಿಯುದ್ದಕ್ಕೂ ಭಾವ, “ನೀರಿಗೆ ಮಾರಿದೆಯಲ್ಲ ಮಾರಾಯ, ಸ್ವಂತ ಮಗಳ ಅಂಗಡಿಯನ್ನು!” ಎಂದು ಬೈದ.

ಎರಡನೇ ಸಲ ಹೋದದ್ದು ನಿನ್ನೆ. ನಾಡಿದ್ದು ದೀಪಾವಳಿ. ಪುಟ್ಟಿ ಕೀಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೇ ಬಂದಿದ್ದಳು. ಆಗದಿದ್ದರೆ ಅಲ್ಲೇ ಕೊಟ್ಟು ಬರುವುದು ಎಂದು. ಮಗನಿಗೆ ಒಳಗೆ ಬರಲು ಅಪ್ಪಣೆ ಇಲ್ಲ, ಗೇಟಿನ ಹೊರಗೆ ಆಟೋದಲ್ಲೇ ಕೂರಬೇಕು. ಆದರೆ ಆ ಅಮ್ಮ ಬಿಡುವವರೇ? ತಂಬಿಗೆ ಹಿಡಿದು ಗೇಟಿನವರೆಗೂ ನಡೆದರು! ಅವರು ಬರುವುದನ್ನು ಕಂಡದ್ದೇ ನನ್ನ ಮಗ ಆಟೋ ಸ್ಟಾರ್ಟ್ ಮಾಡಿ ಜಂಕ್ಷನ್ನಿಗೆ ಓಡಿಬಿಟ್ಟ. ಒಂದು ಲೋಟ ನೀರಿಗೆ ಹೆದರಿ ಓಡಿದ ಗಂಡಸನ್ನು ಕಬಕದವರು ಮೊದಲ ಸಲ ನೋಡಿದ್ದಿರಬೇಕು.

ಭಾವ ಕೂತ. ಬಾಡಿಗೆಯ ಸುದ್ದಿಯೇ ಇಲ್ಲ. ಬಸ್ಸಿನ ರಶ್ಶು, ಕಾಳುಮೆಣಸಿನ ರೇಟು, ಯಾರದೋ ಮಂಡಿನೋವಿಗೆ ಯಾವುದೋ ಎಣ್ಣೆ. ಬೆಲ್ಲ ನೀರು ಬಂತು, “ಇರ್ಲಿ ಅಮ್ಮ.” ಮಜ್ಜಿಗೆ ಬಂತು, “ಇರ್ಲಿ.” ಲಿಂಬೆ ಶರಬತ್ತು, “ಇರ್ಲಿ.” ಸ್ಟೂಲಿನ ಮೇಲೆ ಜಾಗ ಸಾಲದೆ ಕಾಫಿಯ ಲೋಟಗಳು ಕಿಟಕಿಗೆ ಹತ್ತಿದವು. ಅಮ್ಮನ ಮುಖ ಬಾಡತೊಡಗಿತು. ಒಳಗಿನಿಂದ ಬಂಗುಡೆ ಮೀನಿನ ಸಾರಿನ ಪರಿಮಳ ಬೇರೆ! ನನ್ನ ಹೊಟ್ಟೆ ಗುರುಗುಟ್ಟಿದ್ದು ಎಲ್ಲರಿಗೂ ಕೇಳಿತು. ಭಾವ ಕಣ್ಣಲ್ಲೇ ಹೆದರಿಸಿದ.

ಕೊನೆಗೆ ಧಣಿಯೇ ಬಾಯಿಬಿಟ್ಟರು. “ನೋಡಿ, ನಿಮ್ಮ ಕಷ್ಟ ನನಗೆ ಗೊತ್ತುಂಟು. ಬ್ಯಾಂಕಿನವರಿಗೆ ನನ್ನ ಕಷ್ಟ ಗೊತ್ತಿಲ್ಲವಲ್ಲ? ನಿಮಗೆ ಇಳಿಸಿದ್ರೆ ನಾಳೆ ಪಕ್ಕದ ಚಪ್ಪಲಿಯವ ಬರ್ತಾನೆ, ನಾಡಿದ್ದು ಮಾಳಿಗೆಯ ಹಲ್ಲಿನ ಡಾಕ್ಟ್ರು ಬರ್ತಾರೆ.”

“ಬರ್ಲಿ ಧಣಿ, ನಿಮ್ಮಲ್ಲಿ ಲೋಟ ಬೇಕಾದಷ್ಟುಂಟು,” ಎಂದ ಭಾವ. “ಈ ಮಗು ಬಿಟ್ಟುಹೋದ ಮೇಲೆ ಆ ರೂಮಿಗೆ ಈಗ ಯಾರು ಬರುದು? ಇಲಿ ಬರ್ತದೆ. ಇಲಿ ನಿಮಗೆ ಪೂರ್ತಿ ಬಾಡಿಗೆ ಕೊಡ್ತದಾ?”

ಧಣಿ ಗೋಡೆಯ ಗಡಿಯಾರ ನೋಡಿದರು. ಊಟದ ಹೊತ್ತು ಮೀರಿತ್ತು. “ಎಂತ, ಬಡಿಸುದಿಲ್ವಾ?” ಎಂದು ಒಳಗೆ ಕೂಗಿದರು.

ಅಮ್ಮ ಬಾಗಿಲಲ್ಲಿ ಬಂದು ನಿಂತರು. “ನಾನು ಈ ಮನೆಗೆ ಬಂದ ಮೇಲೆ ನೀರು ಮುಟ್ಟದೆ ಹೋದವರು ಯಾರೂ ಇಲ್ಲ. ಅವರು ಕುಡಿಯದೆ ನಾನು ಉಣ್ಣುದಿಲ್ಲ. ನಿಮಗೆ ಬೇಕಾದ್ರೆ ಪಾತ್ರೆ ಒಳಗುಂಟು, ನೀವೇ ಬಡಿಸಿಕೊಳ್ಳಿ.”

ಧಣಿ ಹೆಂಡತಿಯನ್ನು ನೋಡಿದರು. ಲೋಟಗಳ ಸಾಲನ್ನು ನೋಡಿದರು. ಪುಟ್ಟಿಯ ಕೈಯಲ್ಲಿದ್ದ ಕರವಸ್ತ್ರದ ಗಂಟನ್ನೂ ನೋಡಿದರು. ಬಂಗುಡೆಯ ಪರಿಮಳ ಮತ್ತೊಮ್ಮೆ ಹಾದುಹೋಯಿತು.

“ಅರ್ಧ,” ಎಂದರು. “ಶಾಲೆಯವರು ಸ್ಕೂಲ್ ಡೇ ಮಾಡುವವರೆಗೆ. ಮತ್ತೆ ಪೂರ್ತಿ. ಬಾಕಿಯದ್ದು ನಿಧಾನಕ್ಕೆ ಕೊಟ್ಟುಕೊಂಡು ಬಾ ಮಗಾ. ಆ ಕೀ ಒಳಗೆ ಇಡು.”

ನಾನು ಕುಣಿಯುವುದೊಂದು ಬಾಕಿ! ಭಾವ ಮಾತ್ರ ಏನೂ ಆಗದವನ ಹಾಗೆ ಕೈ ಚಾಚಿ ಮೊದಲು ಬಂದ ಬೆಲ್ಲ ನೀರನ್ನೇ ಎತ್ತಿಕೊಂಡು, “ನಿಮ್ಮ ಬಾವಿಯ ನೀರು ಭಾರೀ ರುಚಿ ಅಮ್ಮ” ಎಂದ. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕರು. ಕಾಫಿ, ಶರಬತ್ತು, ಮಜ್ಜಿಗೆ ಎಲ್ಲವನ್ನೂ ಮುಗಿಸಿಯೇ ಎದ್ದದ್ದು ನಾವು. ಸುಳ್ಯ ಮುಟ್ಟುವವರೆಗೆ ನಾನು ಎಷ್ಟು ಸಲ ಆಟೋ ನಿಲ್ಲಿಸಿದೆ ಎಂದು ಕೇಳಬೇಡಿ.

ಸಂಜೆಗೆ ಮನೆಯಲ್ಲಿ ಕೋಳಿ ಸಾರು, ರೊಟ್ಟಿ. ಹೌದು, ಆಟೋದಲ್ಲಿ ಮೊಟ್ಟೆ ಇಟ್ಟ ಅದೇ ಕೋಳಿ. ಪಾಪ, ಬಾಡಿಗೆ ಇಳಿದದ್ದು ಅದಕ್ಕೆ ಒಳ್ಳೆಯದಾಗಲಿಲ್ಲ. ಗೋಣಿಗಳನ್ನೆಲ್ಲ ಬಾಗಿಲ ಬಳಿ ಸಾಲಾಗಿ ಇಟ್ಟಾಗಿತ್ತು, ಬೆಳಿಗ್ಗೆ ಅಂಗಡಿಗೆ ಹೋಗಲು. ಮಗ, ಸೊಸೆ, ಪುಟ್ಟಿ, ನಾನು, ಎಲ್ಲ ಒಂದೇ ಸಾಲಿನಲ್ಲಿ ಕೂತೆವು. ಭಾವ ಕಡೆಯ ಬಸ್ಸಿಗೆ ಹೊರಡುತ್ತಾನೆ ಎಂದುಕೊಂಡಿದ್ದೆ. ಅವನು ಕೈಕಾಲು ತೊಳೆದು ಬಂದು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ.

“ಎಂತ ಭಾವ, ಶುಗರ್ ಎಲ್ಲಿ ಹೋಯ್ತು?” ಎಂದೆ ನಾನು.

ಸೌಟು ಹಿಡಿದು ನಿಂತಿದ್ದ ನನ್ನ ಹೆಂಡತಿ ಹೇಳಿದಳು, “ಅವನಿಗೆ ಎಂತ ಶುಗರೂ ಇಲ್ಲ. ಮಗುವಿನ ಅಂಗಡಿ ಉಳಿಯದೆ ಈ ಮನೆಯ ನೀರು ಮುಟ್ಟುದಿಲ್ಲ ಅಂತ ಅಷ್ಟಮಿಯ ವಾರವೇ ನನ್ನ ಹತ್ರ ಹೇಳಿದ್ದ. ನಿಮಗೆ ಹೇಳ್ಬೇಡ ಅಂದ, ನೀವು ನೆಗಾಡ್ತೀರಿ ಅಂತ.”

ನಾನು ನೆಗಾಡಲಿಲ್ಲ. ಧಣಿಯ ಮನೆಯಲ್ಲಾದರೆ ಧಣಿಯ ಹತ್ತಿರ ಚೌಕಾಸಿ. ನಮ್ಮ ಮನೆಯಲ್ಲಿ ಈ ಪುಣ್ಯಾತ್ಮ ಅಷ್ಟು ವಾರ ಯಾರ ಹತ್ತಿರ ಚೌಕಾಸಿ ಮಾಡುತ್ತಿದ್ದ? ಮೇಲೆ ಯಾರೋ ಕೇಳಿಸಿಕೊಂಡಿರಬೇಕು.

ಪುಟ್ಟಿ ಎದ್ದು ಬಂದು ಅವನ ಎದುರಿಗೆ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಇಟ್ಟಳು. ನಾವೆಲ್ಲ ಕೈ ಹಾಕದೆ ನೋಡುತ್ತ ಕೂತೆವು. ಅವನು ಲೋಟ ಎತ್ತಿ ಗಟಗಟ ಕುಡಿದು ಮುಗಿಸಿದ. ಬಾಯಿ ಒರೆಸಿಕೊಂಡು ನನ್ನ ಮಗನ ಕಡೆ ಒಮ್ಮೆ ನೋಡಿ, ಲೋಟವನ್ನು ನನ್ನತ್ತ ಚಾಚಿದ.

“ಇನ್ನೊಂದು ಲೋಟ ಸಿಗಬಹುದಾ ಭಾವ?”

ನಾನೇ ಎದ್ದು ಹೋಗಿ ತಂದೆ. ಆಮೇಲೆ ಎಲ್ಲರೂ ರೊಟ್ಟಿಗೆ ಕೈ ಹಾಕಿದೆವು.