ನಮ್ಮನೆ ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದು

ಸಂಕೋಚ ಎನ್ನುವುದು ಕೆಲವರಿಗೆ ಆಗಾಗ ಬಂದು ಹೋಗುವ ನೆಗಡಿಯಿದ್ದ ಹಾಗೆ. ನನಗೆ ಅದು ಹುಟ್ಟುಮಚ್ಚೆ. ಮದುವೆ ಮನೆಯಲ್ಲಿ ಇನ್ನೊಂದು ಸೌಟು ಪಾಯಸ ಬೇಕೆನ್ನಿಸಿದರೂ ಎಲೆಯನ್ನೇ ನೋಡುತ್ತ ಕೂರುವವಳು ನಾನು. ಬಸ್ಸಿನಲ್ಲಿ ನಮ್ಮೂರು ಬಂದಾಗ "ಇಳೀಬೇಕು" ಎಂದು ಕೂಗಲಾರದೆ, ಮುಂದಿನ ಊರಿನಲ್ಲಿ ನಾಲ್ಕು ಜನರ ಜೊತೆ ಇಳಿದು ಹಿಂದಕ್ಕೆ ನಡೆದು ಬಂದದ್ದೂ ಉಂಟು. ನೀವು ಮೊಮ್ಮಕ್ಕಳು ಫೋನ್ ಮಾಡಿ "ಅಜ್ಜಿ, ನೀನು ಚಿಕ್ಕೋಳಿದ್ದಾಗಿನ ಕತೆ ಹೇಳು" ಎಂದರೆ, "ಊಟ ಆಯ್ತಾ ಮಗ?" ಎಂಬ ಮಾತಿನಾಚೆಗೆ ನನ್ನ ನಾಲಿಗೆ ಹೊರಳುವುದಿಲ್ಲ. ಆದ್ದರಿಂದ ಬರೆದೇ ಕೊಟ್ಟುಬಿಡೋಣ ಎಂದು ತೀರ್ಮಾನಿಸಿದೆ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ, ಅದೇ ದೊಡ್ಡ ಅನುಕೂಲ. ಬರೆದು ಮುಗಿಯುವವರೆಗೆ ಮನೆಯವರಿಗೂ ಸುಳಿವು ಸಿಗಬಾರದು ಎಂದೂ ಗಟ್ಟಿ ಮಾಡಿಕೊಂಡೆ. ಆದರೆ ಗುಟ್ಟು ಕಾಯಲು ನಾನು ನಂಬಿದ್ದು ಬೀದಿಯ ಆ ತುದಿಗೂ ಕೇಳುವಂತೆ ಅರಚುವ ಒಂದು ಕಂಪ್ಯೂಟರನ್ನು.

ಅದು ನನ್ನ ಮೊಮ್ಮಗಳು ಪಲ್ಲವಿಯದು. ಅವಳು ಮೈಸೂರಿನ ಹಾಸ್ಟೆಲ್ ಸೇರಿ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡ ಮೇಲೆ ಈ ಹಳೇ ಪೆಟ್ಟಿಗೆ ಕಂಪ್ಯೂಟರನ್ನು ನಡುಮನೆಯ ಮೂಲೆಯಲ್ಲಿ ಬಿಟ್ಟು ಹೋದಳು. ಹೋಗುವ ಮುಂಚೆ ಕೀಲಿಗಳ ಮೇಲೆಲ್ಲ ಕನ್ನಡ ಅಕ್ಷರದ ಚೀಟಿ ಅಂಟಿಸಿ, "ಅಜ್ಜಿ, ಕೈ ನಡುಗೋರಿಗೆ ಪೆನ್ನಿಗಿಂತ ಇದು ಸುಲಭ" ಎಂದು ಒತ್ತುವುದನ್ನು ಕಲಿಸಿದಳು. ಕಲಿಯುವುದು ಕಷ್ಟವಾಗಲಿಲ್ಲ. ಗಾವಡಗೆರೆ ಕಡೆಯ ನಮ್ಮ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಕಾಗುಣಿತವನ್ನು ಕೈಗಿಂತ ಮೊದಲು ಬಾಯಿಗೆ ಕಲಿಸಿದವರು. "ಬಾಯಿ ಆಡದಿದ್ರೆ ಕೈ ಆಡಲ್ಲ" ಎನ್ನುವುದು ಅವರ ಸಿದ್ಧಾಂತ. ಇಡೀ ತರಗತಿ ಒಟ್ಟಿಗೆ ಕಿರುಚುವಾಗ ನನ್ನ ದನಿ ಯಾವುದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲವಾಗಿ ನಾನೂ ಧೈರ್ಯವಾಗಿ ಕಿರುಚುತ್ತಿದ್ದೆ. ಜೀವಮಾನದಲ್ಲಿ ನಾನು ಜೋರಾಗಿ ಮಾತಾಡಿದ್ದು ಅಲ್ಲಿ ಮಾತ್ರ.

ಕಂಪ್ಯೂಟರಿಗೆ ಆ ಬಗೆಯ ನಾಚಿಕೆ ಇರಲಿಲ್ಲ. ಗುಂಡಿ ಒತ್ತಿದೊಡನೆ "ಗುಂಯ್" ಎನ್ನುವುದು. ಹಾಲು ಕಾಯುವಷ್ಟರಲ್ಲಿ ಅದು "ಗರ್ರ್" ಆಗುವುದು. ನಾನು ಒಂದು ಪುಟ ಮುಗಿಸುವ ಹೊತ್ತಿಗೆ ಹಿಟ್ಟಿನ ಗಿರಣಿ. ಸೊಸೆ ಸುಮ ಅಡುಗೆ ಮನೆಯಿಂದ, "ಅತ್ತೆ, ಮಿಲ್ಲು ಸುರು ಆಯ್ತಾ?" ಎನ್ನುವಳು. ನಾನು "ಅಕ್ಷರ ತಿದ್ತಾ ಇದ್ದೆ ಕಣಮ್ಮ" ಎಂದು ಆರಿಸಿಬಿಡುತ್ತಿದ್ದೆ. ಪಕ್ಕದ ಮನೆಯ ಸಾಕಮ್ಮನಂತೂ ಒಂದು ದಿನ ಮೊರದ ತುಂಬ ರಾಗಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಳು.

"ಏನ್ ಸಾಕಮ್ಮ?" ಎಂದೆ.

"ಬೀಸುಸ್ಕಂಡು ಓಗನ ಅಂತ ಬಂದೆ ಕಣಕ್ಕ. ಮನೇಲೇ ಮಿಲ್ಲು ಮಡಗವ್ರೆ, ನಮ್ಗೆ ಒಂದ್ ಮಾತೂ ಏಳ್ನಿಲ್ವಲ್ಲ!"

ನಗುತ್ತ ಹೋದಳು, ಸರಿ. ಆದರೆ ನಗದೇ ಇದ್ದವನು ನನ್ನ ಮಗ ಮಾದೇವ. ಮಧ್ಯಾಹ್ನ ಗದ್ದೆಯಿಂದ ಬಂದು ಒಂದು ಗಳಿಗೆ ಕಣ್ಣು ಮುಚ್ಚಲು ಅವನಿಗೆ ಇದು ಬಿಡುತ್ತಿರಲಿಲ್ಲ. "ಅವ್ವ, ಗುಜ್ರಿಯವ್ನು ಈ ಸಲ ಬರ್ಲಿ, ಅದ್ನ ಎತ್ತಿ ಕೊಟ್ಬುಡ್ತೀನಿ. ನಿಂಗೆ ಅಕ್ಷರ ತಿದ್ದಕ್ಕೆ ಸ್ಲೇಟು ತಂದ್ಕೊಡ್ತೀನಿ ಬುಡು" ಎಂದ. ನಿಮಗಾಗಿ ಬರೆದದ್ದೆಲ್ಲ ಅದರ ಹೊಟ್ಟೆಯಲ್ಲಿದೆ. ಹಾಗೆಂದು ಹೇಳಿದರೆ ಗುಟ್ಟು ಹೋಯಿತು, ಹೇಳದಿದ್ದರೆ ಬರೆದದ್ದೇ ಹೋಯಿತು. ಗುಜರಿಯವನು ಬರುವುದರೊಳಗೆ ಇದರ ಬಾಯಿ ಮುಚ್ಚಿಸಲೇಬೇಕು ಎಂದು ಸೆರಗು ಬಿಗಿದೆ.

ನನಗೆ ಗೊತ್ತಿದ್ದ ಸದ್ದು ಒಂದೇ, ನಿಮ್ಮ ತಾತನ ಗೊರಕೆ. ಅದಕ್ಕೆ ಮದ್ದೂ ಗೊತ್ತಿತ್ತು: ಭುಜ ತಟ್ಟಿ ಮಗ್ಗುಲು ಬದಲಿಸುವುದು. ಕಂಪ್ಯೂಟರ್ ಪೆಟ್ಟಿಗೆಯನ್ನೂ ಮೆಲ್ಲಗೆ ತಟ್ಟಿ ಮಗ್ಗುಲಾಗಿ ಮಲಗಿಸಿದೆ. ತಾತನ ಹಾಗೆಯೇ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ತಾತನ ಹಾಗೆಯೇ ಇನ್ನೂ ಜೋರಾಗಿ ಕೂಗತೊಡಗಿತು. ಅವರಿಗಾದರೆ "ರೀ" ಎನ್ನಬಹುದಿತ್ತು. ಮತ್ತೆ ನಿಲ್ಲಿಸಿ, ಅಡಿಗೆ ಹಳೇ ಟವೆಲ್ ಮಡಿಸಿ ಹಾಕಿದೆ. ಮೇಜಿನ ನಡುಕ ನಿಂತಿತು, ಗಿರಣಿ ನಿಲ್ಲಲಿಲ್ಲ. ಪೆಟ್ಟಿಗೆಯ ಬೆನ್ನು ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು. ಓಹೋ, ಇದು ಕೊಬ್ಬಿನಿಂದ ಕೂಗುತ್ತಿರುವುದಲ್ಲ, ಸೆಕೆಗೆ ಕೂಗುತ್ತಿದೆ ಎಂದು ಆಗ ಹೊಳೆಯಿತು.

ಸೆಕೆ ಯಾಕೆ ಎಂದು ನೋಡಿದರೆ, ಅಪರಾಧಿ ನಾನೇ. ನಮ್ಮ ಮನೆಯಲ್ಲಿ ಟಿವಿಗೆ, ಮಿಕ್ಸಿಗೆ, ಹೊಲಿಗೆ ಮಿಷನ್ನಿಗೆ ಎಲ್ಲಕ್ಕೂ ಹೊದಿಕೆಯುಂಟು. ಬರಿಮೈಯಲ್ಲಿ ನಿಂತ ವಸ್ತುವನ್ನು ಕಂಡರೆ ನನಗೇ ನಾಚಿಕೆಯಾಗುತ್ತದೆ. ಕಂಪ್ಯೂಟರಿಗೂ ಹಳೇ ಮಖಮಲ್ ರವಿಕೆ ಬಿಚ್ಚಿ, ಲೇಸು ಇಟ್ಟು, ಮೈಗೆ ಅಂಟಿ ಕೂರುವಂಥ ಅಂಗಿ ಹೊಲಿದಿದ್ದೆ. ಕೆಲಸ ಮಾಡುವಾಗಲೂ ತೆಗೆಯುತ್ತಿರಲಿಲ್ಲ. ಬೆನ್ನ ಹಿಂದೆ ಗಾಳಿಗೆಂದು ಇದ್ದ ತೂತುಗಳೆಲ್ಲ ನನ್ನ ಲೇಸಿನ ಕೆಳಗೆ! ಮೊದಲ ದಿನ ಹಿಂದುಗಡೆ ಮಾತ್ರ ಸ್ವಲ್ಪ ಎತ್ತಿ ಕಟ್ಟಿದೆ. ಎರಡನೇ ದಿನ ಕಣ್ಣು ಬೇರೆಡೆ ತಿರುಗಿಸಿ ಪೂರ್ತಿ ಬಿಚ್ಚಿದೆ. ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ. ಜ್ವರ ಇಳಿಯಿತು, ಕೂಗು ಸ್ವಲ್ಪ ತಗ್ಗಿತು. ಆದರೆ ಸುಮ ಇನ್ನೂ "ಮಿಲ್ಲು" ಎನ್ನುತ್ತಲೇ ಇದ್ದಳು.

ಕಡೆಗೆ, ಯಾರ ಮುಂದೆಯೂ ಬಾಯಿ ಬಿಡದ ನಾನು, ಒಬ್ಬಳೇ ರಿಪೇರಿಗೆಂದು ಬಸ್ಸು ಹತ್ತಿ ಪಿರಿಯಾಪಟ್ಟಣಕ್ಕೆ ಹೊರಟೆ. ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು, ಯಾರೂ ನೋಡದಿರಲೆಂದು ಕಿಟಕಿ ಕಡೆ ತಿರುಗಿ ಕೂತೆ. ಕಂಡಕ್ಟರು ಬಂದವರೇ ಕಂಬಳಿಯನ್ನು ನೋಡಿದರು.

"ಏನಜ್ಜಿ, ಮಗೂಗೆ ಉಸಾರಿಲ್ವಾ?"

"ಮಗು ಅಲ್ಲ, ಕಂಪ್ಯೂಟರು" ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

"ಏನು?"

"ಕಂಪ್ಯೂಟರು!" ಎಂದೆ. ಭಯಕ್ಕೆ ದನಿ ಹದ್ದು ಮೀರಿ ಬಂತು. ಇಡೀ ಬಸ್ಸು ತಿರುಗಿತು.

"ಇವಾಗ ಎಂಗುಸ್ರಿಗೆ ಫ್ರೀ. ನಿಮಗೆ ಟಿಕೇಟಿಲ್ಲ ಬುಡಿ. ಇದು ಗಂಡೋ, ಎಣ್ಣೋ?" ಎಂದರು ಕಂಡಕ್ಟರು.

ಹಿಂದಿನ ಸೀಟಿನ ಹೆಂಗಸೊಬ್ಬಳು ಕೇಳಿದಳು: "ಮನೇಲಿ ಕೆಲ್ಸ ಮಾಡ್ತದಾ, ಬರೀ ಸದ್ದು ಮಾಡ್ತದಾ?"

ನಾನು ನಿಜ ಹೇಳಿದೆ: "ಸದ್ದೇ ಜಾಸ್ತಿ."

"ಅಂಗಾರೆ ಗಂಡೇ ಕಣ್ರೀ, ಟಿಕೇಟ್ ಅರೀರಿ!"

ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಟಿಕೇಟು ಹರಿಯಲಿಲ್ಲ. ನಾನು ಪಿರಿಯಾಪಟ್ಟಣದವರೆಗೂ ಕಂಬಳಿಯಿಂದ ತಲೆ ಎತ್ತಲಿಲ್ಲ.

ರಿಪೇರಿ ಅಂಗಡಿಯವರು ಮಾತುಗಾರರು. ನಾನು ಬಾಯಿ ತೆರೆಯಬೇಕಾಗಿಯೇ ಬರಲಿಲ್ಲ. ಪಕ್ಕದ ತಗಡು ಬಿಚ್ಚಿ ಒಳಗೆ ಇಣುಕಿ, "ಏನಜ್ಜಿ, ಇದ್ರೊಳಗೇ ಮುದ್ದೆ ತಿರುವ್ತೀರಾ?" ಎಂದರು. ಇಣುಕಿದೆ. ಫ್ಯಾನಿನ ರೆಕ್ಕೆಯ ಮೇಲೆ, ಅದರ ಕೆಳಗಿನ ತಗಡಿನ ಸಂದುಗಳಲ್ಲಿ, ಎಲ್ಲೆಲ್ಲೂ ಹೊಗೆಬಣ್ಣದ ನುಣುಪು ಹಿಟ್ಟು. ನಾನು ನಡುಮನೆಯಲ್ಲೇ, ಅದೇ ಮೂಲೆಯಲ್ಲಿ, ಕಂಪ್ಯೂಟರಿನ ಪಕ್ಕಕ್ಕೆ ಕಾಲು ಚಾಚಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮಿಲ್ಲು ಎಂದ ಸಾಕಮ್ಮನ ಮಾತು ಪೂರ್ತಿ ಸುಳ್ಳೇನಲ್ಲ.

ಅವರು ಅಂಗಡಿಯ ಹೊರಗೆ ತಂದು ಗಾಳಿ ಊದಿದರು. ನಮ್ಮ ಮನೆ ರಾಗಿ ಪಿರಿಯಾಪಟ್ಟಣದ ಬೀದಿಗೆಲ್ಲ ಹಾರಿತು. ಒಳಗೆ ಬಿಸಿಯಾಗುವ ಚಿಪ್ ಎಂಬ ಬಿಲ್ಲೆಯ ಮೇಲೆ ಒಣಗಿ ಹೋಗಿದ್ದ, ಬಿಸಿ ಎಳೆಯುವ ಅಂಟನ್ನು ಒರೆಸಿ, ಬಿಳಿಯ ಹೊಸದನ್ನು ಹಚ್ಚಿದರು, ಥೇಟ್ ವೀಳ್ಯದೆಲೆಗೆ ಸುಣ್ಣ ಹಚ್ಚಿದ ಹಾಗೆ. ಅಷ್ಟೇ ತೆಳ್ಳಗೆ. "ಜಾಸ್ತಿಯಾದ್ರೆ ಬಾಯಿ ಸುಡ್ತದಾ?" ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಬೆನ್ನ ಕಡೆಯ ಪುಟ್ಟ ಫ್ಯಾನು ಸವೆದಿತ್ತು. ಅದನ್ನು ತೆಗೆದು ದೊಡ್ಡದೊಂದನ್ನು ಕೂರಿಸಿದರು. "ಸಣ್ಣದು ಬಿರ್‍ರನೆ ತಿರುಗಿ ಬಾಯಿ ಮಾಡ್ತದೆ ಅಜ್ಜಿ. ದೊಡ್ಡದು ನಿಧಾನವಾಗಿ ತಿರುಗಿದ್ರೂ ಅಷ್ಟೇ ಗಾಳಿ ತಳ್ತದೆ" ಎಂದರು. ಮನುಷ್ಯರಲ್ಲೂ ಇದನ್ನು ನೋಡಿದ್ದೇನೆ. ಹಳೆಯ ಫ್ಯಾನನ್ನು ಒಂದು ಕವರಿನಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು.

ಮನೆಗೆ ತಂದು, ಅಂಗಿ ತೊಡಿಸದೆ, ಗುಂಡಿ ಒತ್ತಿದೆ. ಸದ್ದೇ ಇಲ್ಲ. ಸತ್ತೇ ಹೋಯಿತೇನೋ ಎಂದು ಗಾಬರಿಯಾಗಿ ಬೆನ್ನ ಹಿಂದೆ ಅಂಗೈ ಹಿಡಿದೆ. ನಿದ್ದೆ ಮಾಡುವ ಮಗುವಿನ ಉಸಿರಿನಂತೆ ಬೆಚ್ಚಗಿನ ಗಾಳಿ ಸೋಕಿತು. ನಾನು ಬರೆದದ್ದೆಲ್ಲ ಹಾಗೇ ಇತ್ತು. ಜರಡಿಯನ್ನು ಹಿತ್ತಿಲಿಗೆ ಸಾಗಿಸಿದೆ. ಮಾದೇವ ಮಲಗಿ ಎದ್ದು, "ಇವತ್ತು ಮಿಲ್ಲು ಆಕ್ನಿಲ್ವಾ ಅವ್ವ?" ಎಂದ. ಪಕ್ಕದಲ್ಲೇ ಹಾಕಿಕೊಂಡು ಕೂತಿದ್ದೆ! ಗೆದ್ದೆ ಎಂದುಕೊಂಡೆ. ಗುಜರಿಯವನು ಬಂದ, ಎರಡು ಹಳೇ ಬಕೆಟ್ಟು ಒಯ್ದ.

ಅಲ್ಲಿಂದ ಮುಂದೆ ನನ್ನ ಬರವಣಿಗೆ ನಿರಾತಂಕವಾಗಿ ಓಡಿತು. ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಯಾರ ಬಗ್ಗೆ ಬೇಕಾದರೂ ಬರೆದೆ. ಮಾದೇವ ಚಿಕ್ಕವನಿದ್ದಾಗ ಎಮ್ಮೆಗೆ ಹೆದರಿ ಅಟ್ಟ ಹತ್ತಿದ್ದನ್ನು ಬರೆದೆ. ಅವನು ಯಾಕೋ ಎರಡು ದಿನ ನನ್ನ ಮುಖ ನೋಡಿ ನಗು ತಡೆದುಕೊಳ್ಳುತ್ತಿದ್ದ. ಸಾಕಮ್ಮನ ರಾಗಿ ಮೊರದ ವಿಷಯ ಬರೆದೆ. ಅಂದಿನಿಂದ ಅವಳು ಸೊಪ್ಪು ಬಿಡಿಸುವುದಕ್ಕೆ ನಮ್ಮ ಜಗಲಿಗೇ ಬಂದು ಕೂರತೊಡಗಿದಳು. ನಾನು ಕೂತ ಹೊತ್ತಿಗೆ ಸುಮ ಮಿಕ್ಸಿ ಹಾಕುವುದನ್ನೇ ಬಿಟ್ಟಳು. ಎಷ್ಟು ಒಳ್ಳೆಯ ಸೊಸೆ, ಅತ್ತೆಗೆ ತೊಂದರೆಯಾಗಬಾರದೆಂದು ಒರಳುಕಲ್ಲಿನಲ್ಲಿ ಅರೆಯುತ್ತಾಳಲ್ಲ ಎಂದುಕೊಂಡೆ. ಮೊನ್ನೆ ಅವಳ ಬಗ್ಗೆಯೂ ಒಂದು ಸಾಲು ಬರೆಯಲು ಕೂತೆ: ಸುಮಳ ಸಾರು ಚೆಂದ, ಆದರೆ ಉಪ್ಪು ಮುಂದು. ಉಪ್ಪು ಎಂಬಲ್ಲಿಗೆ ಬಂದಾಗ ಅಡುಗೆ ಮನೆಯಿಂದ ದನಿ ಬಂತು:

"ಅತ್ತೆ, ಇವತ್ತು ಉಪ್ಪು ಕಮ್ಮಿ ಆಕಿದ್ದೀನಿ. ಅದ್ನೂ ಬರ್ಕಳಿ."

ಜಗಲಿಯಿಂದ ಸಾಕಮ್ಮ ಸೊಪ್ಪಿನ ಸಮೇತ ನಕ್ಕಳು. "ದಿನಾ ಏಳ್ತಿದ್ದೀರಲ್ಲಕ್ಕ! ಸಕ್ಕೆ ಕೊಂಬು ಸು, ಪಕ್ಕೆ ಒತ್ತು, ಅದ್ಕೆ ಕೊಂಬು ಅಂತ. ಬೀದಿಗೆಲ್ಲ ಪಾಠ ಆಯ್ತಾ ಅದೆ."

ಆಗ ಅರ್ಥವಾಯಿತು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಬಾಯಿ ಆಡದಿದ್ದರೆ ನನ್ನ ಕೈ ಇಂದಿಗೂ ಆಡುವುದಿಲ್ಲ. ಒಂದೊಂದು ಅಕ್ಷರವನ್ನೂ ಕೂಗಿಯೇ ಒತ್ತುತ್ತಿದ್ದೆ. ಗಿರಣಿ ಓಡುತ್ತಿದ್ದಾಗ ಅದರ ಸದ್ದಿನ ಸೆರಗಿನಲ್ಲಿ ನನ್ನ ದನಿ ಅಡಗಿತ್ತು, ತರಗತಿಯ ಕಿರುಚಾಟದಲ್ಲಿ ಅಡಗಿದ್ದ ಹಾಗೆಯೇ. ಅಷ್ಟು ಹಟ ಹಿಡಿದು, ಬಸ್ಸಿನವರ ಮುಂದೆಲ್ಲ ಮಾನ ಕಳೆದುಕೊಂಡು, ಆ ಸೆರಗನ್ನು ಕಿತ್ತು ಹಾಕಿದವಳೂ ನಾನೇ.

ಹಳೆಯ ಫ್ಯಾನು ನನ್ನ ಸೀರೆ ಟ್ರಂಕಿನಲ್ಲಿ ಭದ್ರವಾಗಿದೆ. ಹಿಂದಕ್ಕೆ ಹಾಕಿಸೋಣವೇ ಎಂದು ಯೋಚಿಸಿದೆ, ಆದರೆ ಮತ್ತೆ ಆ ಬಸ್ಸು ಹತ್ತಬೇಕಲ್ಲ! ಅದಕ್ಕೇ ಈ ಪುಟವನ್ನು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಬರೆಯುತ್ತಿದ್ದೇನೆ. ಕೈ ಓಡುವುದು ನಿಧಾನ, ಆದರೂ ಛಲ ಬಿಟ್ಟಿಲ್ಲ. ಇಗೋ, ಅಡುಗೆ ಮನೆಯಲ್ಲಿ ಒರಳಿನ ಸದ್ದೂ ನಿಂತಿತು.

"ಅತ್ತೆ, ಕೊನೇ ಸಾಲು ಸರ್‍ಯಾಗಿ ಕೇಳುಸ್ನಿಲ್ಲ. ಇನ್ನೊಂದ್ ಸಲ ಏಳಿ."