ಇಪ್ಪತ್ತಮೂರು ದೋಷಗಳ ಪಟ್ಟಿ

"ಹದಿನೇಳಾದ್ಮೇಲೆ ಹದಿನೆಂಟು ಬರುತ್ತೆ ಅಂತ ನಿನಗೆ ಯಾರೂ ಹೇಳಿಕೊಡ್ಲಿಲ್ವೇನಪ್ಪಾ? ನಮ್ಮನೇಲಿ ಮೂರು ವರ್ಷದ ಮೊಮ್ಮಗಳಿದಾಳೆ. ಇಪ್ಪತ್ತರ ತನಕ ಗಳಗಳ ಅಂತ ಹೇಳ್ತಾಳೆ. ನೀನು ಎದ್ದೇಳು, ಆ ಕುರ್ಚಿ ಮೇಲೆ ಅವಳನ್ನ ತಂದು ಕೂರಿಸ್ತೀನಿ."

ನಲವತ್ತು ಜನ ಒಟ್ಟಿಗೆ ನಕ್ಕರು. ಮೂರನೇ ಕಿಟಕಿಯ ಗುಮಾಸ್ತ ಗಾಜಿನ ಹಿಂದೆ ಬುಟ್ಟಿಗೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದ. ಬೈಯುತ್ತಿದ್ದ ಅಜ್ಜಿಯ ಕೈಯಲ್ಲಿದ್ದ ಚೀಟಿ ಹದಿನೆಂಟನೆಯದು. ಗೋಡೆಯ ಮೇಲಿನ ಫಲಕ ಹದಿನೇಳನ್ನು ಕರೆದಿತ್ತು, ಆಮೇಲೆ ಎಂದಿನಂತೆ ತೊಂಬತ್ತನಾಲ್ಕನ್ನು ಕರೆದಿತ್ತು, ಆಮೇಲೆ ಏನೋ ನೆನಪಾದಂತೆ ಮತ್ತೆ ಹದಿನೇಳನ್ನೇ ಕರೆಯುತ್ತಿತ್ತು. ಹದಿನೇಳರವನು ಕೆಲಸ ಮುಗಿಸಿ ಹೋಗಿ ಒಂದು ಗಂಟೆಯಾಗಿತ್ತು.

"ಅದು ನಾನಲ್ಲ ಅಜ್ಜಿ, ಯಂತ್ರ..."

"ಸಂಬಳ ಯಂತ್ರಕ್ಕೆ ಕೊಡ್ತಾರೋ, ನಿನಗೆ ಕೊಡ್ತಾರೋ?"

ಜನನ, ಮರಣ, ಮದುವೆಗಳ ದಾಖಲೆ ಕೊಡುವ ಆ ಕಚೇರಿಯಲ್ಲಿ ಮೊದಲು ಜನ ಸಾಲಾಗಿ ನಿಲ್ಲುತ್ತಿದ್ದರು, ತಳ್ಳಾಡುತ್ತಿದ್ದರು, ಊಟದ ಹೊತ್ತಿಗೆ ಎಲ್ಲರ ಕೆಲಸವೂ ಮುಗಿದಿರುತ್ತಿತ್ತು. ಇದು ಸರ್ಕಾರದ ಕಣ್ಣಿಗೆ ಬಿತ್ತು. ಮೂರು ವರ್ಷದ ಹಿಂದೆ ಒಂದು ಕಂಪನಿಗೆ ಗುತ್ತಿಗೆ ಕೊಟ್ಟು ಚೀಟಿಯ ಯಂತ್ರ, ಫಲಕ, ಕಂಪ್ಯೂಟರು ಎಲ್ಲ ಹಾಕಿಸಿದರು. ಅಂದಿನಿಂದ ಬೈಗುಳಗಳೆಲ್ಲ ಮೂರನೇ ಕಿಟಕಿಗೇ ಬಂದು ಬೀಳುತ್ತಿದ್ದವು. ಫಲಕ ಇದ್ದದ್ದು ಅವನ ನೆತ್ತಿಯ ಮೇಲೆ, ಅಷ್ಟೇ ಕಾರಣ. ಮೊದಲನೇ ಕಿಟಕಿಯವನು ಇಡೀ ದಿನ ನಿದ್ದೆ ಮಾಡಿದರೂ ಅವನಿಗೆ ಯಾರೂ ಒಂದು ಮಾತು ಅಂದವರಲ್ಲ.

ಅಜ್ಜಿಯ ಮಾತು ಇನ್ನೂ ಕಿವಿಯಲ್ಲಿ ಕುದಿಯುತ್ತಿರುವಾಗಲೇ ಹೆಡ್ ಕ್ಲರ್ಕು ಒಂದು ಕಡತ ತಂದು ಅವನ ಮುಂದೆ ಹಾಕಿದ.

"ಗುತ್ತಿಗೆದಾರರ ಕಾರ್ಯಕ್ಷಮತೆಯ ಮೌಲ್ಯಮಾಪನ ಅಂತೆ. ಯಂತ್ರ ಬಳಸೋರೇ ಮಾಡಬೇಕಂತೆ. ಸಂಜೆ ಐದರೊಳಗೆ. 'ತೃಪ್ತಿಕರ' ಅಂತ ಒಂದು ಗೀಟು ಹಾಕಿ ಬಿಸಾಕು."

"ಕಳಪೆ ಅಂತ ಇಲ್ವಾ?"

"ಯಾಕಿಲ್ಲ? ಉತ್ತಮ ಅಂದ್ರೆ ಕಾರಣ ಬರೀಬೇಕು. ಕಳಪೆ ಅಂದ್ರೆ ಕಾರಣ, ಪುರಾವೆ, ಇಬ್ಬರ ಸಾಕ್ಷಿ. ತೃಪ್ತಿಕರಕ್ಕೆ ಏನೂ ಬೇಡ. ಅದಕ್ಕೇ ಮೂವತ್ತು ವರ್ಷದಿಂದ ಈ ಕಚೇರೀಲಿ ಎಲ್ಲಾರೂ ತೃಪ್ತಿಕರ. ಈ ಕಟ್ಟಡ ಕಟ್ಟಿದೋನು ಮೆಟ್ಟಿಲು ಹಾಕೋದೇ ಮರೆತಿದ್ದ. ಅವನೂ ತೃಪ್ತಿಕರ."

ಗುಮಾಸ್ತ ಹಾಳೆಯ ಕೊನೆಗಿದ್ದ ಸಣ್ಣಕ್ಷರಗಳನ್ನು ಓದಿದ. 'ಕಳಪೆ ಎಂದು ಕಂಡುಬಂದ ಗುತ್ತಿಗೆದಾರರ ಮೇಲೆ ಕಟ್ಟುನಿಟ್ಟಿನ ಕ್ರಮ ಜರುಗಿಸಲಾಗುವುದು.' ಮೂರು ಸಲ ಓದಿದ. ಮೂರನೇ ಸಲ ಹಾಲು ಕುಡಿದಷ್ಟು ಖುಷಿಯಾಯಿತು. ಮೂರು ವರ್ಷ ಕೇಳಿಸಿಕೊಂಡದ್ದಕ್ಕೆಲ್ಲ ಇವತ್ತು ಒಂದೇ ಗೀಟಿನಲ್ಲಿ ಉತ್ತರ. ಈ ಕಂಪನಿ ಇಲ್ಲಿಂದ ಗಂಟುಮೂಟೆ ಕಟ್ಟಲೇಬೇಕು. ಅದು ಉಳಿದರೆ ತನ್ನ ಮಾನ ಉಳಿಯುವುದಿಲ್ಲ. ಪೆನ್ನೆತ್ತಿ 'ಕಳಪೆ' ಎಂಬ ಚೌಕದಲ್ಲಿ ಹಾಳೆ ಹರಿಯುವ ಹಾಗೆ ಗೀಟೆಳೆದ.

"ಹುಚ್ಚು ಹಿಡಿದಿದೆ ನಿನಗೆ," ಎಂದ ಹೆಡ್ ಕ್ಲರ್ಕು. "ಸಾಕ್ಷಿಗೆ ಮಾತ್ರ ನನ್ನ ಹತ್ರ ಬರಬೇಡ. ಇನ್ನು ಎಂಟು ತಿಂಗಳು ನನ್ನ ನೌಕರಿ. ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ನಾನು ಸಹಿ ಹಾಕಲ್ಲ."

ಗುಮಾಸ್ತ ಬರೆಯುತ್ತಾ ಹೋದ. ಸಂಖ್ಯೆ ಹಿಂದುಮುಂದಾಗುತ್ತದೆ. ಹೆಸರು ಉದ್ದವಾದರೆ ಅರ್ಧಕ್ಕೇ ತುಂಡಾಗುತ್ತದೆ. ಮದುವೆಯ ಪತ್ರ ಕೇಳಿದರೆ ಮರಣಪತ್ರ ಅಚ್ಚಾಗುತ್ತದೆ. ಇದನ್ನು ನೋಡಿ ಒಬ್ಬ ಗಂಡ ಮಾತ್ರ ಸರಿಯಾಗಿದೆ ಅಂದಿದ್ದ, ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಟೈಪಿಸ್ಟ್ ಅಕ್ಕ ಅದನ್ನೆಲ್ಲ ಟೈಪು ಮಾಡಿಕೊಡಲು ಒಪ್ಪಿದಳು. "ನನ್ನ ಕುರ್ಚಿ ಕಿರುಗುಟ್ಟೋದನ್ನೂ ಸೇರಿಸು," ಅಂದಳು. "ಅದು ಕಂಪನಿಯದಲ್ಲ ಅಕ್ಕಾ." "ಸೇರಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?" ಅವಳ ಸಹಿ ಬೇಕಾಗಿತ್ತು. ಸೇರಿಸಿದ.

ಇನ್ನು ಪುರಾವೆ. ಫಲಕದ ಫೋಟೋ ತೆಗೆಯಲು ಅವನು ಹೊರಗೆ ಬಂದು ಬೆಂಚಿನ ಮೇಲೆ ಹತ್ತಿದ. ರಿಪೇರಿಗೆ ಬಂದನೆಂದು ಜನ ಚಪ್ಪಾಳೆ ತಟ್ಟಿದರು. ಫೋನು ಎತ್ತಿದ್ದೇ ತಡ, ಫಲಕ ಮಾವನ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ ಸಭ್ಯವಾಗಿಬಿಟ್ಟಿತು. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು. ಇಪ್ಪತ್ತು ನಿಮಿಷ ಕೈ ಎತ್ತಿ ನಿಂತ. ಭುಜ ಸೋತು ಫೋನು ಇಳಿಸಿದ ಕೂಡಲೇ ಫಲಕ ನಾನೂರ ಹನ್ನೆರಡನ್ನು ಕರೆಯಿತು. ಅವತ್ತು ಕೊಟ್ಟಿದ್ದ ಚೀಟಿಗಳೇ ಅರವತ್ತು.

"ಅಣ್ಣಾ, ಕಿಟಕೀಲಿ ಯಾರೂ ಇಲ್ಲ, ನೀವಿಲ್ಲಿ ಫೋಟೋ ಹೊಡ್ಕೊಂಡು ನಿಂತಿದೀರಲ್ಲ!" ಎಂದು ಒಬ್ಬ ಕೂಗಿದ. ಎಲ್ಲರೂ ಕೂಗಿದರು. ಗಡಿಬಿಡಿಯಲ್ಲಿ ಇಳಿಯಲು ಹೋಗಿ ಗುಮಾಸ್ತ ಬೆಂಚಿನ ಸಮೇತ ಮಗುಚಿಕೊಂಡ.

ಅವನನ್ನು ಹಿಡಿದೆತ್ತಿದ್ದು ಕಂಪನಿಯ ಪ್ರತಿನಿಧಿ. ಯಾವಾಗಲೂ ಟೈ ಕಟ್ಟಿರುತ್ತಿದ್ದರಿಂದ ಅವನನ್ನು ಎಲ್ಲರೂ ಟೈ ಅಂತಲೇ ಕರೆಯುತ್ತಿದ್ದರು. ಜೇಬಿನಿಂದ ಕೆಳಗೆ ಬಿದ್ದಿದ್ದ ದೋಷಗಳ ಪಟ್ಟಿಯನ್ನೂ ಅವನೇ ಎತ್ತಿಕೊಂಡ. ಟೈ ನಿಧಾನವಾಗಿ ಕೊನೆಯವರೆಗೂ ಓದಿದ.

"ಸರ್, ಹನ್ನೊಂದನೇ ದೋಷದಲ್ಲಿ ವಿವರ ಸಾಲದು. ಇನ್ನೆರಡು ಸಾಲು ಬರೀರಿ. ಆಮೇಲೆ, ರಜೆಯ ದಿನಾನೂ ಯಂತ್ರ ಜನರನ್ನ ಕರೀತಾ ಇರುತ್ತಲ್ಲ, ಅದನ್ನ ಬಿಟ್ಟಿದೀರ. ಬಾಗಿಲ ಹತ್ರ ಇರೋ ಗುಂಡೀನೂ ಕೆಲಸ ಮಾಡಲ್ಲ. ಸೇರಿಸಿ, ಇಪ್ಪತ್ತಮೂರಾಗುತ್ತೆ."

"ಫೋಟೋ ಬರಲಿಲ್ಲ..."

"ನಮ್ಮ ಹತ್ರ ಇದೆ ಸರ್. ಕೊಡ್ತೀನಿ. ಎರಡನೇ ಸಾಕ್ಷಿ ಸಿಕ್ಕಿದ್ರಾ? ಸಿಗದಿದ್ರೆ ನಾನೇ ಹಾಕ್ತೀನಿ."

ಹಾಕಿಯೇ ಬಿಟ್ಟ. ಗುಮಾಸ್ತನ ಕಣ್ಣು ಒದ್ದೆಯಾಯಿತು. ಮೂರು ವರ್ಷ ಈ ಮನುಷ್ಯನನ್ನು ಮನಸ್ಸಿನಲ್ಲೇ ಎಷ್ಟು ಶಪಿಸಿದ್ದೆ! ತಪ್ಪನ್ನು ಒಪ್ಪಿಕೊಳ್ಳಲು ಎಂಥ ಎದೆ ಬೇಕು!

ಒಳಕೋಣೆಯಲ್ಲಿ ಕಚೇರಿಯ ಸಾಹೇಬರು ಪಟ್ಟಿಯನ್ನು ಸತ್ತ ಇಲಿಯನ್ನು ಹಿಡಿಯುವಂತೆ ಎರಡೇ ಬೆರಳಲ್ಲಿ ಹಿಡಿದರು.

"ಕಳಪೆ ಅಂತ ಬರೆದ್ರೆ ಮೇಲಿನೋರು ಏನು ಕೇಳ್ತಾರೆ ಗೊತ್ತೇನ್ರಿ? ಈ ಕಳಪೆಯವರನ್ನ ಆರಿಸಿದ್ಯಾರು ಅಂತ ಕೇಳ್ತಾರೆ. ಆರಿಸಿದ್ದು ನಾನು. ಹೋಗಿ, ತೃಪ್ತಿಕರ ಅಂತ ತಿದ್ದಿಕೊಂಡು ಬನ್ನಿ."

"ತಿದ್ದಲ್ಲ ಸರ್!"

ತನ್ನ ಬಾಯಿಂದ ಬಂದ ದನಿಗೆ ಗುಮಾಸ್ತನೇ ಬೆಚ್ಚಿದ. ಆದರೆ ಅದು ನಿಲ್ಲಲಿಲ್ಲ. "ಮೂರು ವರ್ಷ! ಎಣಿಸೋಕೆ ಬರಲ್ಲ ಅಂತಾರೆ ಸರ್ ನನಗೆ! ಮನೇಲಿ ನನ್ನ ಬಾಮೈದ ನನ್ನನ್ನ ತೊಂಬತ್ತನಾಲ್ಕು ಅಂತ ಕರೀತಾನೆ! ನನ್ನ ಹೆಂಡತಿ ನಗ್ತಾಳೆ! ನೀವು ಒಂದು ದಿನ, ಒಂದೇ ಒಂದು ದಿನ ಬಂದು ಆ ಕಿಟಕೀಲಿ ಕೂತ್ಕೊಳ್ಳಿ!"

ಆಗ ಟೈ ಒಳಗೆ ಬಂದು ಸಾಹೇಬರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಸಾಹೇಬರ ಮುಖ ಕರೆಂಟು ಬಂದ ಮನೆಯ ಹಾಗೆ ಬೆಳಗಿತು. ಮರುಮಾತಿಲ್ಲದೆ ಸಹಿ ಹಾಕಿದರು. ತನ್ನ ಗುಡುಗಿಗೇ ಹೆದರಿದರೆಂದು ಗುಮಾಸ್ತ ತಿಳಿದ.

ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ. "ಓಡಿಸಿಬಿಟ್ಟೆ ಕಣೇ!"

"ಯಾರನ್ನ?"

"ಕಂಪನೀನ! ನಿನ್ನ ತಮ್ಮನಿಗೆ ಹೇಳು, ಇನ್ಮೇಲೆ ನನ್ನ ಹೆಸರು ಹಿಡಿದು ಕರೀಬೇಕು ಅಂತ."

ಟೈಪಿಸ್ಟ್ ಅಕ್ಕ ಕೈ ಕುಲುಕಿದಳು. ಹೆಡ್ ಕ್ಲರ್ಕು ಕೂಡ ಎದ್ದು ನಿಂತು, "ಗಂಡಸು ಕಣೋ ನೀನು," ಅಂದ. ಐದು ಹೊಡೆಯಿತು. ಗುಮಾಸ್ತ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿರುವಾಗ ಟೈ ಒಂದು ಆದೇಶದ ಪ್ರತಿ ಹಿಡಿದುಕೊಂಡು ಬಂದ. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

"ನಿಮ್ಮ ಉಪಕಾರ ಸಾಯೋ ತನಕ ಮರೆಯಲ್ಲ ಸರ್. ನಮ್ಮ ಗುತ್ತಿಗೆ ಇವತ್ತು ಐದಕ್ಕೆ ಮುಗೀತಿತ್ತು. ನೀವು ತೃಪ್ತಿಕರ ಅಂದಿದ್ರೆ ಕೆಲಸ ಪೂರ್ತಿಯಾಯ್ತು ಅಂತ ಲೆಕ್ಕ. ಫಲಕ ಬಿಚ್ಚಿಕೊಂಡು ಹೋಗೋಕೆ ಹೊರಗೆ ವ್ಯಾನೂ ಬಂದು ನಿಂತಿದೆ ನೋಡಿ, ಅರ್ಧ ಸಾಮಾನು ಆಗಲೇ ತುಂಬಿದ್ವಿ. ಕಳಪೆ ಅಂದ್ರೆ ಕೆಲಸ ಮುಗಿದಿಲ್ಲ. ಮುಗಿಸದೆ ಹೋಗೋ ಹಾಗಿಲ್ಲ, ಅದೇ ಸರ್ ಕಟ್ಟುನಿಟ್ಟಿನ ಕ್ರಮ. ಒಂದೊಂದು ದೋಷ ತಿದ್ದೋಕೆ ಸಾಹೇಬರು ಮೂರು ತಿಂಗಳು ಕೊಟ್ಟಿದಾರೆ. ಅಷ್ಟೂ ತಿಂಗಳು ನಮಗೆ ಬಿಲ್ಲು ಬರುತ್ತೆ, ಅದರಲ್ಲಿ ಸಾಹೇಬರಿಗೂ ಪಾಲು."

ಇಪ್ಪತ್ತಮೂರು ಮೂರಲೆ ಅರವತ್ತೊಂಬತ್ತು. ಆರು ವರ್ಷಕ್ಕೆ ಮೂರೇ ತಿಂಗಳು ಕಡಿಮೆ. ಎಣಿಸಲು ಬಾರದವನು ಇದನ್ನು ಕಣ್ಣು ಮಿಟುಕಿಸುವುದರೊಳಗೆ ಎಣಿಸಿದ.

ಆದೇಶದಲ್ಲಿ ಇನ್ನೂ ಒಂದು ಸಾಲಿತ್ತು. 'ದೋಷಗಳನ್ನು ಇಷ್ಟು ನಿಖರವಾಗಿ ಬಲ್ಲವರು ಬೇರೊಬ್ಬರಿಲ್ಲದ ಕಾರಣ, ದುರಸ್ತಿ ಪೂರ್ಣಗೊಳ್ಳುವವರೆಗೆ ಸದರಿ ಗುಮಾಸ್ತರು ಅದೇ ಕಿಟಕಿಯಲ್ಲಿದ್ದು ಮೇಲ್ವಿಚಾರಣೆ ನಡೆಸತಕ್ಕದ್ದು.'

"ನಮ್ಮ ಇಂಜಿನಿಯರುಗಳಿಗೂ ಇಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ," ಎಂದ ಟೈ, ಕೈ ಮುಂದೆ ಚಾಚಿ. "ಮುಂದಿನ ಮೌಲ್ಯಮಾಪನಾನೂ ನೀವೇ ಮಾಡಬೇಕು ಸರ್. ಮಾಡ್ತೀರಲ್ವಾ?"

ಗುಮಾಸ್ತ ಚಾಚಿದ ಕೈಯನ್ನು ನೋಡಿದ. ಅದರ ಪಕ್ಕದಲ್ಲೇ ಹಾದು, ಬಾಗಿಲು ದಾಟಿ, ವ್ಯಾನಿನಿಂದ ಮತ್ತೆ ಪೆಟ್ಟಿಗೆಗಳನ್ನು ಇಳಿಸುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ನಡೆದು ಹೋದ.